ಬರೆದುದೆಲ್ಲ ಪ್ರಮಾಣವೆ? — ಬೇಗಂ ಬಜಾರಿನ ವಹಿ, ಮಿತಾಕ್ಷರ ಮತ್ತು ಗಣಕಯಂತ್ರ

ಲೆಕ್ಕಪತ್ರದ ವಿಷಯದಲ್ಲಿ ವಿದ್ಯಾವಂತರಾದ ನಮ್ಮಲ್ಲಿ ಕೆಲವು ನಂಬಿಕೆಗಳು ಬೇರೂರಿವೆ. ಬಾಯಿಮಾತಿಗಿಂತ ಬರಹವು ಸತ್ಯ. ಮನುಷ್ಯನ ಬರಹಕ್ಕಿಂತ ಯಂತ್ರದ ಬರಹವು ಇನ್ನೂ ಸತ್ಯ. ಓದುಬರಹ ಬಲ್ಲವನನ್ನು ಲೆಕ್ಕದಲ್ಲಿ ಯಾರೂ ಸುಲಭವಾಗಿ ವಂಚಿಸಲಾರರು ಎಂಬಿವು ಅವುಗಳಲ್ಲಿ ಮುಖ್ಯವಾದುವು. ಇವನ್ನು ಯಾವ ಶಾಲೆಯೂ ಪ್ರತ್ಯೇಕವಾಗಿ ಕಲಿಸುವುದಿಲ್ಲ. ಗಾಳಿಯಂತೆ ನಾವು ಇವನ್ನು ಸೇವಿಸುತ್ತೇವೆ. ಬ್ಯಾಂಕಿನಲ್ಲಿ ದಿನ ಕಳೆಯುವ ನನ್ನಂಥವರ ವೃತ್ತಿಯಂತೂ ಇವುಗಳ ಮೇಲೆಯೇ ನಿಂತಿದೆ. ಆದರೆ ನಮ್ಮ ನಗರದ ಬೇಗಂ ಬಜಾರಿನ ವ್ಯಾಪಾರಪದ್ಧತಿಯನ್ನೂ, ಇಲ್ಲಿಂದ ಪಶ್ಚಿಮಕ್ಕೆ ಅರ್ಧ ದಿನದ ದಾರಿಯಾದ ಕಲ್ಯಾಣದಲ್ಲಿ ಒಂಬತ್ತು ಶತಮಾನಗಳ ಹಿಂದೆ ಹುಟ್ಟಿದ ಒಂದು ಧರ್ಮಶಾಸ್ತ್ರಗ್ರಂಥವನ್ನೂ ಒತ್ತಟ್ಟಿಗಿರಿಸಿ ನೋಡಿದರೆ, ಈ ಮೂರೂ ನಂಬಿಕೆಗಳು ನಾವು ತಿಳಿದಷ್ಟು ಗಟ್ಟಿಯಾದುವಲ್ಲವೆಂದು ತೋರುತ್ತದೆ.

ಬೇಗಂ ಬಜಾರ್ ಮೂಸಿ ನದಿಯ ಉತ್ತರಕ್ಕೆ, ಅಫ್ಜಲ್‌ಗಂಜಿಗೆ ಹೊಂದಿಕೊಂಡಿರುವ ಹಳೆಯ ಸಗಟು ಪೇಟೆ. ಎರಡನೆಯ ಆಸಫ್ ಜಾ ನಿಜಾಮ್ ಅಲೀ ಖಾನರ ಪತ್ನಿ ಹಮ್ದಾ ಬೇಗಂ ಈ ಸ್ಥಳವನ್ನು ವರ್ತಕರಿಗೆ ದಾನವಾಗಿ ಕೊಟ್ಟರೆಂದೂ ಅದರಿಂದಲೇ ಈ ಹೆಸರು ಬಂದಿತೆಂದೂ ಪ್ರತೀತಿ. ಒಣಹಣ್ಣು, ಮಸಾಲೆ, ಹಿತ್ತಾಳೆ ಉಕ್ಕಿನ ಪಾತ್ರೆ ಮೊದಲಾದ ಸರಕಿಗೆ ಬೀದರ, ಕಲಬುರಗಿ, ರಾಯಚೂರುಗಳ ಚಿಲ್ಲರೆ ವ್ಯಾಪಾರಿಗಳು ಇಂದಿಗೂ ಇಲ್ಲಿಗೆ ಬರುತ್ತಾರೆ. 1956ರ ನವೆಂಬರ್ 1ರಂದು ಆ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಪೇಟೆಯ ನಂಟು ಮಾತ್ರ ಗಡಿರೇಖೆಯನ್ನು ಲಕ್ಷಿಸಲಿಲ್ಲ.

ಈ ಬಗೆಯ ಪೇಟೆಗಳಲ್ಲಿ ಮಾರವಾಡಿ, ಗುಜರಾತಿ ವರ್ತಕರು ಇಡುತ್ತಿದ್ದ ಲೆಕ್ಕದ ಪುಸ್ತಕವೇ ಬಹಿ, ಕನ್ನಡದಲ್ಲಿ ವಹಿ. ಕೆಂಪು ಬಟ್ಟೆಯ ಹೊದಿಕೆ, ನೀಳವಾದ ಹಾಳೆಗಳು. ಹಾಳೆಯಲ್ಲಿ ಗೆರೆಗಳಿರುವುದಿಲ್ಲ; ಮಡಿಸಿದ ಗುರುತುಗಳೇ ಅಂಕಣಗಳ ಕೆಲಸವನ್ನು ಮಾಡುತ್ತವೆ. ಹಾಳೆಗಳನ್ನು ಒಟ್ಟಾಗಿ ಹೊಲಿದಿರುವುದರಿಂದ ನಡುವಣ ಒಂದನ್ನು ಕಿತ್ತರೆ ಗುರುತು ಉಳಿಯುತ್ತದೆ. ದಿನದ ನಗದು ರೋಕಡ ವಹಿಗೆ, ಅಲ್ಲಿಂದ ಆಯಾ ವ್ಯಕ್ತಿಯ ಹೆಸರಿನ ಖಾತೆ ವಹಿಗೆ. ಒಂದು ವಹಿ ಸುಳ್ಳು ಹೇಳಬೇಕಾದರೆ ಇನ್ನೊಂದೂ ಅದೇ ಸುಳ್ಳನ್ನು ಅದೇ ದಿನ ಹೇಳಬೇಕು. ದೀಪಾವಳಿಯಲ್ಲಿ ಪೂಜೆಗೊಳ್ಳುವ ಈ ಪುಸ್ತಕವನ್ನು ವರ್ತಕನು ಪೂಜಿಸುತ್ತಿದ್ದನು, ಆದರೆ ಕುರುಡಾಗಿ ನಂಬುತ್ತಿರಲಿಲ್ಲ ಎಂಬುದು ಗಮನಾರ್ಹ.

ಹುಂಡಿಯಲ್ಲಿ ಈ ಎಚ್ಚರಿಕೆ ಮತ್ತಷ್ಟು ಸ್ಪಷ್ಟವಾಗಿದೆ. (ಹುಂಡಿಯೆಂದೊಡನೆ ಕನ್ನಡಿಗರಿಗೆ ದೇವಸ್ಥಾನದ ಕಾಣಿಕೆಯ ಪೆಟ್ಟಿಗೆ ನೆನಪಾಗುವುದು ಸಹಜ, ಇದು ಬೇರೆ, ವರ್ತಕನು ಪರವೂರಿನ ವರ್ತಕನಿಗೆ ಇಂತಿಷ್ಟು ಹಣ ಕೊಡೆಂದು ಬರೆದ ಪತ್ರ.) ಕಂಡೊಡನೆ ಹಣ ಕೊಡಬೇಕಾದುದು ದರ್ಶನಿ ಹುಂಡಿ, ಅವಧಿಯ ಮೇಲೆ ಕೊಡಬೇಕಾದುದು ಮುದ್ದತಿ ಹುಂಡಿ. ಸಾವಿರ ರೂಪಾಯಿಯ ಹುಂಡಿಯಲ್ಲಿ ಸಾವಿರವೆಂದಷ್ಟೇ ಬರೆದು ಬಿಡುತ್ತಿರಲಿಲ್ಲ. ಅದರ ಅರ್ಧ ಐದುನೂರು, ಆ ಐದುನೂರರ ಇಮ್ಮಡಿ ಪೂರಾ ಸಾವಿರ ಎಂದು ಬಿಡಿಸಿ ಬರೆಯುತ್ತಿದ್ದರು. ಒಂದು ಸೊನ್ನೆಯನ್ನು ಸೇರಿಸಿದ ಮೋಸಗಾರನಿಗೆ ಮೂರು ಕಡೆ ತಿದ್ದಬೇಕಾಗುತ್ತಿತ್ತು. ಹುಂಡಿ ಕಳೆದುಹೋದರೆ ಅದರ ಪ್ರತಿಯಾಗಿ ಪೇಠ್, ಅದೂ ಕಳೆದರೆ ಪರಪೇಠ್. ಶಾಹಜೋಗ ಹುಂಡಿಯ ಹಣವನ್ನು ಪೇಟೆಯಲ್ಲಿ ಗಣ್ಯನೆನಿಸಿದ ಶಾಹನ ಮೂಲಕವೇ ಪಡೆಯಬೇಕು. ಪತ್ರವನ್ನು ತಂದವನು ಯಾರೆಂಬುದಕ್ಕೆ ಆ ಶಾಹನೇ ಸಾಕ್ಷಿ. ಬ್ರಿಟಿಷ್ ಸರಕಾರವು 1881ರಲ್ಲಿ ಹಣಪತ್ರಗಳ ಕಾಯಿದೆಯನ್ನು ರಚಿಸಿದಾಗ ಪೌರ್ವಾತ್ಯ ಭಾಷೆಗಳಲ್ಲಿ ಬರೆದ ಇಂಥ ಪತ್ರಗಳ ಸ್ಥಳೀಯ ರೂಢಿಯನ್ನು ಮುಟ್ಟದೆ ಬಿಟ್ಟಿತು. ಅಂದರೆ ಹುಂಡಿಯಲ್ಲಿ ಬರಹ ಎಂದೂ ಒಂಟಿಯಾಗಿ ನಿಲ್ಲುತ್ತಿರಲಿಲ್ಲ. ಅದರ ಬೆನ್ನಿಗೆ ಇಮ್ಮಡಿಸಿ ಬರೆದ ಮೊತ್ತ, ಇನ್ನೊಂದೂರಿನ ವಹಿ, ಬಲ್ಲವನೊಬ್ಬನ ಮಾತು ಇವೆಲ್ಲ ಇದ್ದುವು.

ಈಗ ಕಲ್ಯಾಣಕ್ಕೆ ಬರೋಣ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಅದರ ದಾಯಭಾಗದ ಪ್ರಕರಣವನ್ನು ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ತಂದುದರಿಂದ ನ್ಯಾಯಾಲಯಗಳಲ್ಲಿ ಈ ಗ್ರಂಥವು ಆಸ್ತಿಯ ಪಾಲಿಗೆ ಸಂಬಂಧಿಸಿದುದೆಂದೇ ಖ್ಯಾತವಾಯಿತು. ಸಾಲ, ಸಾಕ್ಷಿ, ಲೇಖ್ಯಗಳನ್ನು ಕುರಿತ ಭಾಗ ವಿದ್ವಾಂಸರ ಕಪಾಟಿನಲ್ಲಿಯೇ ಉಳಿಯಿತು. ನಮಗೆ ಬೇಕಾದುದು ಆ ಭಾಗ.

ಲಿಖಿತ, ಭುಕ್ತಿ, ಸಾಕ್ಷಿ ಎಂದು ಮಾನುಷ ಪ್ರಮಾಣಗಳು ಮೂರು. ಲಿಖಿತವೇನೋ ಮೊದಲು ಹೇಳಲ್ಪಟ್ಟಿದೆ. ಆದರೆ ಬರಿಯ ಬರಹವು ಲಿಖಿತವೆನಿಸುವುದಿಲ್ಲ. ಸಾಲಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನ, ಇಬ್ಬರ ಹೆಸರು, ತಂದೆಯ ಹೆಸರು ಇರಬೇಕು. ಮೇಲೆ ಬರೆದುದು ತನಗೆ ಸಮ್ಮತವೆಂದು ಸಾಲಗಾರನು ಸ್ವಹಸ್ತದಿಂದ ಬರೆಯಬೇಕು. ಸಾಕ್ಷಿಗಳೂ ತಮ್ಮ ಕೈಯಿಂದಲೇ ಬರೆಯಬೇಕು. ಕೊನೆಗೆ ಉಭಯರ ಕೋರಿಕೆಯಂತೆ ಬರೆದೆನೆಂದು ಲೇಖಕನು ತನ್ನ ಹೆಸರನ್ನು ಹಾಕಬೇಕು. ಬಲಾತ್ಕಾರದಿಂದಲೋ ವಂಚನೆಯಿಂದಲೋ ಬರೆಸಿದ ಪತ್ರವು ಸ್ವಹಸ್ತದ್ದಾದರೂ ಪ್ರಮಾಣವಲ್ಲ. ಕಂತು ತೀರಿಸಿದಂತೆಲ್ಲ ಪತ್ರದ ಬೆನ್ನಿನ ಮೇಲೆ ನಮೂದಿಸಬೇಕು, ಇಲ್ಲವೆ ಸಾಲ ಕೊಟ್ಟವನು ಸ್ವಹಸ್ತದ ರಸೀತಿಯನ್ನು ಕೊಡಬೇಕು. ಪೂರ್ತಿ ತೀರಿದ ಮೇಲೆ ಪತ್ರವನ್ನು ಹರಿಯಬೇಕು. ಪತ್ರವು ಸುಟ್ಟರೆ, ಅಳಿಸಿದರೆ, ಕಳುವಾದರೆ ಬೇರೊಂದನ್ನು ಬರೆಸುವ ವಿಧಿಯೂ ಇದೆ. ಬೇಗಂ ಬಜಾರಿನ ಪೇಠ್ ಇದರ ದಾಯಾದಿಯೆನ್ನಬಹುದು. ಅಕ್ಷರ ಬಾರದ ಸಾಲಗಾರನನ್ನೂ ವಿಜ್ಞಾನೇಶ್ವರನು ಮರೆತಿಲ್ಲ. ಅಂಥವನ ಸಮ್ಮತಿಯನ್ನು ಬೇರೆಯವನಿಂದ ಬರೆಸಬಹುದು. ಆದರೆ ಸಾಕ್ಷಿಗಳೆಲ್ಲರ ಸಮ್ಮುಖದಲ್ಲಿ. ಬರಹವು ಬಲ್ಲವನ ಆಯುಧವೆಂಬುದು ಆತನಿಗೆ ಚೆನ್ನಾಗಿ ತಿಳಿದಿತ್ತು.

ಇಷ್ಟರಿಂದ ಮಿತಾಕ್ಷರವನ್ನು ನ್ಯಾಯದ ಪರಮಾವಧಿಯೆಂದು ಕೊಂಡಾಡುವುದು ಸಲ್ಲದು. ಅಡವಿಲ್ಲದ ಸಾಲಕ್ಕೆ ತಿಂಗಳಿಗೆ ಬ್ರಾಹ್ಮಣನಿಂದ ನೂರಕ್ಕೆ 2, ಕ್ಷತ್ರಿಯನಿಂದ 3, ವೈಶ್ಯನಿಂದ 4, ಶೂದ್ರನಿಂದ 5ರಂತೆ ಬಡ್ಡಿಯನ್ನು ವಿಧಿಸಿದ ಸ್ಮೃತಿಯಿದು. ಪ್ರಮಾಣದ ವಿಷಯದಲ್ಲಿ ಇಷ್ಟು ಸೂಕ್ಷ್ಮವಾದ ಬುದ್ಧಿಯು ಪ್ರಮೇಯದ ವಿಷಯದಲ್ಲಿ ಇಷ್ಟು ಒರಟಾಗಿರಬಲ್ಲುದು. ಲೆಕ್ಕ ಸರಿಯಿದ್ದ ಮಾತ್ರಕ್ಕೆ ನ್ಯಾಯವಾಯಿತೆಂದು ತಿಳಿಯುವವರು ಈ ಬಡ್ಡಿಯ ಪಟ್ಟಿಯನ್ನು ಒಮ್ಮೆ ನೋಡಬೇಕು.

ಆಧುನಿಕ ಕಾಯಿದೆಯೂ ವಹಿಯನ್ನು ಪೂರ್ತಿ ನಂಬಲಿಲ್ಲ. 1872ರ ಸಾಕ್ಷ್ಯ ಕಾಯಿದೆಯ 34ನೆಯ ಕಲಮು ಒಂದು ಸಾವಿರ ರೂಪಾಯಿಯ ದಾವೆಯ ಉದಾಹರಣೆಯನ್ನು ಕೊಟ್ಟು, ಕ್ರಮವಾಗಿ ಇಟ್ಟ ಲೆಕ್ಕದ ನಮೂದು ವಿಚಾರಕ್ಕೆ ಸಲ್ಲುವುದಾದರೂ ಅದೊಂದರಿಂದಲೇ ಸಾಲ ಸಿದ್ಧವಾಗುವುದಿಲ್ಲವೆಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ತತ್ತ್ವ 28ನೆಯ ಕಲಮಾಗಿ ಉಳಿದಿದೆ. ಜೈನ್ ಸಹೋದರರ ಹವಾಲಾ ಪ್ರಕರಣದಲ್ಲಿ, ರಾಜಕಾರಣಿಗಳಿಗೆ ಹಣ ಸಂದಿತೆಂದು ಸೂಚಿಸುವ ದಿನಚರಿಗಳು ಸಿಕ್ಕಿದಾಗ, 1998ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದೇ ಕಲಮನ್ನು ಆಧರಿಸಿ ಬರಿಯ ನಮೂದು ಸಾಲದೆಂದಿತು. ಆ ತೀರ್ಪು ಹಲವರಿಗೆ ರುಚಿಸಲಿಲ್ಲ. ಆದರೆ ಒಬ್ಬನು ತನ್ನ ಪುಸ್ತಕದಲ್ಲಿ ನಮ್ಮ ಹೆಸರನ್ನು ಬರೆದುಕೊಂಡ ಮಾತ್ರಕ್ಕೆ ನಾವು ಹೊಣೆಗಾರರಾಗುವೆವೆ ಎಂಬ ಪ್ರಶ್ನೆ ರಾಜಕಾರಣಿಗೂ ರೈತನಿಗೂ ಒಂದೇ.

ಇದಕ್ಕೆ ಒಂದು ವಿನಾಯಿತಿ ಬೆಳೆದುದು ಬ್ಯಾಂಕಿನ ಪುಸ್ತಕಗಳಿಗೆ. 1891ರ ಬ್ಯಾಂಕರ ಪುಸ್ತಕಗಳ ಸಾಕ್ಷ್ಯ ಕಾಯಿದೆಯು, ಮೂಲ ಪುಸ್ತಕವನ್ನು ನ್ಯಾಯಾಲಯಕ್ಕೆ ಹೊರುವ ತೊಂದರೆಯನ್ನು ತಪ್ಪಿಸಲು, ದೃಢೀಕರಿಸಿದ ನಕಲನ್ನೇ ಮೇಲ್ನೋಟದ ಪ್ರಮಾಣವಾಗಿ ಒಪ್ಪಿತು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ತಿದ್ದುಪಡಿಯಿಂದ ಗಣಕಯಂತ್ರದ ಮುದ್ರಿತ ಹಾಳೆಯೂ ಆ ಸಾಲಿಗೆ ಸೇರಿತು. ಅನುಕೂಲಕ್ಕಾಗಿ ಕೊಟ್ಟ ಸವಲತ್ತು ಕ್ರಮೇಣ ಸತ್ಯದ ಮುದ್ರೆಯಂತೆ ಕಾಣತೊಡಗಿದುದು ಜನರ ಮನಸ್ಸಿನಲ್ಲಿ, ಕಾಯಿದೆಯಲ್ಲಲ್ಲ.

ಇಲ್ಲಿ ಮಿತಾಕ್ಷರದ ಇನ್ನೊಂದು ಪ್ರಕರಣವು ನನ್ನನ್ನು ಬಹುವಾಗಿ ಯೋಚನೆಗೆ ಹಚ್ಚಿದೆ. ಮೂರು ಮಾನುಷ ಪ್ರಮಾಣಗಳೂ ಇಲ್ಲವಾದಾಗ ದಿವ್ಯವನ್ನು ಮಾಡಿಸಬೇಕೆಂದು ಸ್ಮೃತಿ ಹೇಳುತ್ತದೆ: ತುಲೆ, ಅಗ್ನಿ, ಜಲ, ವಿಷ, ಕೋಶ. ತುಲಾದಿವ್ಯದಲ್ಲಿ ಆರೋಪಿತನನ್ನು ಒಮ್ಮೆ ತೂಗಿ ಇಳಿಸಿ, ಅಭಿಮಂತ್ರಣದ ನಂತರ ಮತ್ತೆ ತೂಗುತ್ತಾರೆ. ಮೇಲೇರಿದರೆ ಶುದ್ಧ, ಇಳಿದರೆ ದೋಷಿ. ನಮಗಿದು ಮೂಢನಂಬಿಕೆ, ಸರಿ. ಆದರೆ ಅದಕ್ಕೆ ಹಾಕಿದ ಕಟ್ಟುಗಳನ್ನು ನೋಡಿರಿ. ಮೊದಲನೆಯದು, ದಿವ್ಯವು ಕಡೆಯ ಉಪಾಯ; ಮನುಷ್ಯರ ಪ್ರಮಾಣವಿರುವಲ್ಲಿ ಅದಕ್ಕೆ ಅವಕಾಶವಿಲ್ಲ. ಎರಡನೆಯದು, ತಕ್ಕಡಿಯನ್ನು ತೂಕದಲ್ಲಿ ನುರಿತ ವರ್ತಕರು, ಅಕ್ಕಸಾಲಿಗರು, ಕಂಚುಗಾರರು ಮೊದಲು ಪರೀಕ್ಷಿಸಬೇಕು. ಮೂರನೆಯದು, ಕಣ್ಣಿಗೆ ಕಾಣುವ ಕಾರಣದಿಂದ ಹಗ್ಗ ಹರಿದರೆ ಅಥವಾ ದಂಡ ಮುರಿದರೆ ಮನುಷ್ಯನನ್ನು ದೋಷಿಯೆನ್ನದೆ ಮತ್ತೊಮ್ಮೆ ತೂಗಬೇಕು.

ಬ್ರಿಟನ್ನಿನ ಅಂಚೆ ಇಲಾಖೆಯ ದುರಂತವನ್ನು ಈ ಮೂರು ಕಟ್ಟುಗಳ ಪಕ್ಕದಲ್ಲಿ ಇಟ್ಟು ನೋಡಬೇಕು. 1999ರಿಂದ ಅಲ್ಲಿಯ ಶಾಖಾ ಅಂಚೆಕಚೇರಿಗಳಲ್ಲಿ ಫುಜಿತ್ಸು ಸಂಸ್ಥೆಯ ಹೊರೈಜನ್ ಎಂಬ ಗಣಕವ್ಯವಸ್ಥೆ ಬಂದಿತು. ಅದು ತೋರಿಸಿದ ಕೊರತೆಯನ್ನೇ ಕಳವೆಂದು ಭಾವಿಸಿ 900ಕ್ಕೂ ಹೆಚ್ಚು ಶಾಖಾ ಅಂಚೆಪಾಲಕರಿಗೆ ಶಿಕ್ಷೆಯಾಯಿತು. ಕೆಲವರು ಸೆರೆಮನೆಗೆ ಹೋದರು, ಹಲವರು ಮನೆ ಮಾರಿ ಇಲ್ಲದ ಕೊರತೆಯನ್ನು ತುಂಬಿದರು. ಯಂತ್ರವು ಸರಿಯಾಗಿತ್ತೆಂದು ಮೊದಲು ತೋರಿಸಬೇಕೆಂಬ ನಿಯಮವೊಂದು ಆ ದೇಶದ 1984ರ ಕಾಯಿದೆಯಲ್ಲಿ ಇತ್ತು. ಅದನ್ನು 1999ರಲ್ಲಿ ರದ್ದುಗೊಳಿಸಿ, ಯಂತ್ರ ಸರಿಯಿದೆಯೆಂದೇ ಭಾವಿಸತಕ್ಕದ್ದೆಂಬ ಸ್ಥಿತಿಗೆ ಬಂದಿದ್ದರು. ತಕ್ಕಡಿಯಲ್ಲಿ ದೋಷಗಳಿದ್ದುವೆಂದು ಉಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪು ಕೊಟ್ಟಿತು. ಶಿಕ್ಷೆಗಳನ್ನು ಒಟ್ಟಾಗಿ ತೊಡೆದುಹಾಕಲು 2024ರಲ್ಲಿ ಪಾರ್ಲಿಮೆಂಟೇ ಪ್ರತ್ಯೇಕ ಕಾಯಿದೆಯನ್ನು ಮಾಡಬೇಕಾಯಿತು. ಕಡೆಯ ಉಪಾಯವಾಗಿದ್ದ ದಿವ್ಯ ಅಲ್ಲಿ ಮೊದಲನೆಯ ಪ್ರಮಾಣವಾಯಿತು. ತಕ್ಕಡಿಯನ್ನು ಪರೀಕ್ಷಿಸುವ ಅಕ್ಕಸಾಲಿಗನನ್ನು ಮಾತ್ರ ಕೈಬಿಡಲಾಯಿತು. ವಿಜ್ಞಾನೇಶ್ವರನ ಕಾಲದ ಧರ್ಮಾಧಿಕಾರಿಯು ಇದಕ್ಕೆ ಒಪ್ಪುತ್ತಿರಲಿಲ್ಲವೆಂದು ನನ್ನ ಭಾವನೆ.

ವಿದ್ಯೆಯ ಮಾತು ಉಳಿಯಿತು. ಅಕ್ಷರ ಬಂದರೆ ಮೋಸ ತಪ್ಪುವುದೆಂಬುದು ಅರ್ಧಸತ್ಯ. ಮಾರವಾಡಿ ವಹಿಗಳ ಮಹಾಜನಿ ಲಿಪಿಯಲ್ಲಿ ಸ್ವರಚಿಹ್ನೆಗಳನ್ನು ಬಿಟ್ಟು ಬರೆಯುವುದು ವಾಡಿಕೆ. ‘ಕಾಕಾ ಅಜಮೇರಕ್ಕೆ ಹೋದರು’ ಎಂಬ ಒಕ್ಕಣೆಯನ್ನು ‘ಕಾಕಾ ಇಂದು ತೀರಿಹೋದರು’ ಎಂದು ಓದಿ ಮನೆಮಂದಿಯೆಲ್ಲ ಅತ್ತರೆಂಬ ಕಥೆ ಉತ್ತರ ಭಾರತದಲ್ಲಿ ಪ್ರಸಿದ್ಧವಾಗಿದೆ. ನಮ್ಮಲ್ಲಿಯೂ ಶಾನುಭೋಗರ ಕಡತವಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಮಾಡಿದ ಆ ಕಪ್ಪು ಪುಸ್ತಕದಲ್ಲಿ ಬಳಪದಿಂದ ಬರೆಯುತ್ತಿದ್ದರು, ಬೇಕೆಂದಾಗ ಒರಸುತ್ತಿದ್ದರು. (ಒರಸಬಹುದಾದ ಆ ವಸ್ತುವಿನ ಹೆಸರೇ ಇಂದು ಸರಕಾರಿ ಕಚೇರಿಯ ಫೈಲಿಗೆ ನಿಂತಿರುವುದು ಭಾಷೆಯ ವಿನೋದ.) ನಿಜಾಮರ ಆಳ್ವಿಕೆಯಲ್ಲಿ ಕಲಬುರಗಿಯ ಹುಡುಗನು ಶಾಲೆಯಲ್ಲಿ ಉರ್ದುವನ್ನು ಕಲಿತನು, 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಸಾಧ್ಯವೆಂದು ತೋರಿಸಿ ಕೀರ್ತಿ ಪಡೆಯಿತು, ಆದರೆ ಆ ದೇಶಭಾಷೆ ಕನ್ನಡಿಗನದಾಗಿರಲಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಸಾವುಕಾರನ ವಹಿಯಲ್ಲಿ ಮಹಾಜನಿ: ಒಂದು ಲಿಪಿಯ ಪಂಡಿತನು ಇನ್ನೊಂದರ ಮುಂದೆ ಹೆಬ್ಬೆಟ್ಟಿನವನೇ. ಇಂದು ಪದವೀಧರನು ತನ್ನ ಮೊಬೈಲಿನಲ್ಲಿ ‘ಸಮ್ಮತಿ’ಯ ಗುಂಡಿಯನ್ನು ಒತ್ತುವಾಗ ಅವನ ಸ್ಥಿತಿ ಇದಕ್ಕಿಂತ ಬಹಳ ಮೇಲೇನಲ್ಲ. ಮಿತಾಕ್ಷರದ ಹೆಬ್ಬೆಟ್ಟಿನವನಿಗೆ ಎದುರಿನಲ್ಲಿ ಸಾಕ್ಷಿಗಳಾದರೂ ಇದ್ದರು.

ಬೇಗಂ ಬಜಾರಿನ ಅಂಗಡಿಗಳಲ್ಲಿ ಈಗ ಚೌಕಳಿ ಗುರುತಿನ ಚೀಟಿಗಳು ತೂಗಾಡುತ್ತಿವೆ. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಿಂದ ಹಣ ಕೈಮುಟ್ಟದೆ ಸಾಗುತ್ತದೆ. ಗಿರಾಕಿ ತೋರಿಸುವ ಚಿತ್ರವನ್ನು ಹಳಬ ವರ್ತಕನು ನಂಬುವುದಿಲ್ಲ, ಏಕೆಂದರೆ ಸುಳ್ಳು ಚಿತ್ರವನ್ನು ತಯಾರಿಸುವುದು ಸುಲಭ. ಹಣ ಬಂದಿತೆಂದು ಗಲ್ಲೆಯ ಬಳಿಯ ಪುಟ್ಟ ಪೆಟ್ಟಿಗೆ ಕೂಗಿ ಹೇಳುವವರೆಗೂ ಗಂಟನ್ನು ಕೈಬಿಡುವುದಿಲ್ಲ. ಬರಹಕ್ಕೆ ಎರಡನೆಯ ಸಾಕ್ಷಿಯನ್ನು ಕೇಳುವ ಹುಂಡಿಯ ಕಾಲದ ಬುದ್ಧಿಯೇ ಇದು.

ಗಿರಾಕಿಯ ಪರವಾಗಿಯೂ ಕೆಲವು ಕಟ್ಟುಗಳು ಬಂದಿವೆ. ಅನಧಿಕೃತ ವಿದ್ಯುನ್ಮಾನ ವ್ಯವಹಾರದಲ್ಲಿ ಹೊಣೆ ಗಿರಾಕಿಯದೆಂದು ಸಾಧಿಸುವ ಭಾರ ಬ್ಯಾಂಕಿನದೇ ಎಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿತು. ಗಣಕದ ದಾಖಲೆಗೆ ಪ್ರಮಾಣಪತ್ರ ಬೇಕೇ ಬೇಕೆಂದು, ಹಿಂದೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಜಾಲನಾದ ಚುನಾವಣಾ ತಕರಾರೊಂದರಲ್ಲಿ, ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಪುನಃ ಹೇಳಿತು. ಹೊಸ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ಎರಡು ಭಾಗಗಳಿವೆ: ಒಂದಕ್ಕೆ ದಾಖಲೆಯನ್ನು ಹಾಜರುಪಡಿಸುವವನ ಸಹಿ, ಇನ್ನೊಂದಕ್ಕೆ ತಜ್ಞನ ಸಹಿ. ಎರಡನೆಯವನು ಮಿತಾಕ್ಷರದ ಅಕ್ಕಸಾಲಿಗನ ಸ್ಥಾನದಲ್ಲಿದ್ದಾನೆ. ಮೊದಲನೆಯ ಭಾಗಕ್ಕೆ, ಯಂತ್ರವು ಸರಿಯಾಗಿ ನಡೆಯುತ್ತಿತ್ತೆಂದು ಬರೆದುಕೊಡಬೇಕಾದವರು ಸಾಮಾನ್ಯವಾಗಿ ಶಾಖೆಯಲ್ಲಿ ಕುಳಿತ ನಮ್ಮಂಥ ಅಧಿಕಾರಿಗಳು. ಆ ಯಂತ್ರವಿರುವುದು ಬೇರೆಯೇ ಊರಿನಲ್ಲಿ, ಅದರ ಬಾಗಿಲನ್ನು ನಮ್ಮಲ್ಲಿ ಯಾರೂ ಕಂಡಿಲ್ಲ.