ಬಣ್ಣ ನೋಡಿ ಅಲ್ಲ, ತಳ ನೋಡಿ ಕೊಳ್ಳಿ

ಹಟ್ ನದಿ ವೆಲ್ಲಿಂಗ್ಟನ್ ಬಂದರನ್ನು ಸೇರುವ ಬಯಲಿನಲ್ಲಿ ಹರಡಿಕೊಂಡಿರುವ ಲೋವರ್ ಹಟ್, ಒಂದು ಕಾಲಕ್ಕೆ ನ್ಯೂಜಿಲೆಂಡಿನ ಕಾರು ಕಟ್ಟುವ ಊರು. 1926ರಲ್ಲಿ ಜನರಲ್ ಮೋಟರ್ಸ್ ಇಲ್ಲಿನ ಪೆಟೋನಿಯಲ್ಲಿ ಜೋಡಣಾ ಕಾರ್ಖಾನೆ ತೆರೆಯಿತು. 1936ರಲ್ಲಿ ಫೋರ್ಡ್ ಪಕ್ಕದ ಸೀವ್ಯೂಗೆ ಬಂತು. ಟಾಡ್ ಮೋಟರ್ಸ್, ಆಸ್ಟಿನ್ ಕಾರ್ಖಾನೆಗಳೂ ಪೆಟೋನಿಯಲ್ಲಿದ್ದವು. ಪೆಟ್ಟಿಗೆಗಳಲ್ಲಿ ಹಡಗಿನಿಂದಿಳಿದ ಬಿಡಿಭಾಗಗಳು ಇಲ್ಲಿ ಕಾರುಗಳಾಗಿ ರಸ್ತೆಗಿಳಿಯುತ್ತಿದ್ದವು. ಆಮದಿಗೆ ಬಿಗಿ ಲೈಸೆನ್ಸ್ ಇದ್ದ ಆ ದಶಕಗಳಲ್ಲಿ ಹೊಸ ಕಾರು ಸಿಗುವುದೇ ಕಷ್ಟವಾಗಿತ್ತು. ಇದ್ದುದನ್ನೇ ರಿಪೇರಿ ಮಾಡಿಸಿ ವರ್ಷಗಟ್ಟಲೆ ಓಡಿಸುವುದು ಅಲ್ಲಿನ ಜನರಿಗೆ ರೂಢಿಯಾಯಿತು. 1998ಕ್ಕೆ ಇಡೀ ದೇಶದಲ್ಲಿ ಕಾರು ಜೋಡಣೆಯೇ ನಿಂತುಹೋದರೂ ಹಳೆಯ ಕಾರಿನ ಮೇಲಿನ ಪ್ರೀತಿ ನಿಲ್ಲಲಿಲ್ಲ. ಎಂಜಿಬಿ, ಟ್ರಯಂಫ್, ಜಾಗ್ವಾರ್, ಡಾಟ್ಸನ್ 240ಜೆಡ್, ಮಜ್ದಾ ಎಂಎಕ್ಸ್-5ಗಳಂಥ ಹಳೆಯ ಸ್ಪೋರ್ಟ್ಸ್ ಕಾರುಗಳು ಇಂದಿಗೂ ಕೈಯಿಂದ ಕೈಗೆ ಸಾಗುತ್ತಿವೆ. ಆ ವ್ಯವಹಾರದ ಜೊತೆಗೇ ಬೆಳೆದ ಕಸುಬೊಂದಿದೆ: ಹಣ ಕೊಡುವ ಮೊದಲು ಕಾರಿನ ಹೊಟ್ಟೆಯೊಳಗಿನ ತುಕ್ಕನ್ನು ಹುಡುಕಿ ತೆಗೆಯುವುದು. ಇದು ಕೊಳ್ಳುವಿಕೆಯ ಕೊನೆಯಲ್ಲಿ ಶಾಸ್ತ್ರಕ್ಕೆಂದು ಮಾಡುವ ಕೆಲಸವಲ್ಲ, ಎಂಜಿನ್ ಚಾಲೂ ಮಾಡುವುದಕ್ಕೂ ಮೊದಲು ನಡೆಯಬೇಕಾದ ಕೆಲಸ ಎಂಬುದು ನನ್ನ ವಾದ.

ಕಾರಣ ಸರಳ. ಹಳೆಯ ಕಾರಿನ ಎಂಜಿನ್ ಕೆಟ್ಟರೆ ಇಳಿಸಿ, ಬಿಚ್ಚಿ, ಹೊಸ ಪಿಸ್ಟನ್ ಹಾಕಿ ಮತ್ತೆ ಕೂರಿಸಬಹುದು. ಗೇರ್‌ಬಾಕ್ಸ್, ಬ್ರೇಕು, ವೈರಿಂಗ್ ಎಲ್ಲವೂ ಬೋಲ್ಟು ಬಿಚ್ಚಿದರೆ ಕೈಗೆ ಬರುವ ವಸ್ತುಗಳು. ಬಾಡಿ ಹಾಗಲ್ಲ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಎಂಜಿಬಿಗೆ ಪ್ರತ್ಯೇಕ ಚಾಸಿಯೇ ಇಲ್ಲ. ತೆಳು ಉಕ್ಕಿನ ಹಾಳೆಗಳನ್ನು ಮಡಚಿ, ವೆಲ್ಡ್ ಮಾಡಿ ಕಟ್ಟಿದ ಡಬ್ಬಿಯೇ ಅದರ ಚಾಸಿ. ಮೇಲ್ಛಾವಣಿ ಇಲ್ಲದ ತೆರೆದ ಕಾರಿನಲ್ಲಿ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಡುವ ಹೊರೆಯ ಬಹುಪಾಲು ಬೀಳುವುದು ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ಸಿಲ್ ಎಂಬ ಟೊಳ್ಳು ಪಟ್ಟಿಗಳ ಮೇಲೆ. ಎಂಜಿಬಿಯ ಸಿಲ್‌ಗೆ ಹೊರಪದರ, ಒಳಪದರ, ನಡುವೆ ಇನ್ನೊಂದು ತಗಡು, ಕೆಳಗೆ ಮತ್ತೊಂದು ಪಟ್ಟಿ ಇವೆ. ನಮಗೆ ಕಾಣುವುದು ಹೊರಪದರವೊಂದೇ. ಗೆದ್ದಲು ಹಿಡಿದ ಬಾಗಿಲ ಚೌಕಟ್ಟಿನಂತೆ, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಏನೂ ಉಳಿಯದಿರಬಹುದು.

ಉಕ್ಕು, ನೀರು, ಗಾಳಿ ಸೇರಿದರೆ ತುಕ್ಕು ಹುಟ್ಟುತ್ತದೆ. ಉಪ್ಪು ಜೊತೆಗೂಡಿದರೆ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿದು ಕೆಲಸ ಬೇಗ ಮುಗಿಯುತ್ತದೆ. ಇದು ಶಾಲೆಯ ಪಾಠ. ಕಾರಿನ ಮಟ್ಟಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ, ನೀರು ಎಲ್ಲಿಂದ ಒಳಹೊಕ್ಕು ಎಲ್ಲಿ ನಿಲ್ಲುತ್ತದೆ ಎಂಬುದು. ಎರಡು ತಗಡುಗಳನ್ನು ಒಂದರ ಮೇಲೊಂದಿಟ್ಟು ಸ್ಪಾಟ್ ವೆಲ್ಡಿಂಗ್ ಮಾಡಿದ ಸಂದಿನಲ್ಲಿ ನೀರು ತಾನಾಗಿ ಹೀರಿಕೊಂಡು ಕೂರುತ್ತದೆ, ಬಣ್ಣ ಅಲ್ಲಿಗೆ ತಲುಪಿರುವುದಿಲ್ಲ, ಬಿಸಿಲೂ ಅಲ್ಲಿಗೆ ತಾಗದು. ಹುಟ್ಟಿದ ತುಕ್ಕು ಮೂಲ ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಡುವುದರಿಂದ ತಗಡುಗಳನ್ನೇ ದೂರ ತಳ್ಳಿ ಹೊಸ ನೀರಿಗೆ ದಾರಿ ಮಾಡಿಕೊಡುತ್ತದೆ. ಬಣ್ಣದ ಮೇಲೆ ಕಡಲೆಕಾಳಿನಷ್ಟು ಗುಳ್ಳೆ ಎದ್ದಿದ್ದರೆ ತುಕ್ಕು ಅಲ್ಲಿ ಶುರುವಾಗಿದೆ ಎಂದಲ್ಲ, ಒಳಗಿನಿಂದ ತಿನ್ನುತ್ತ ಬಂದು ಅಲ್ಲಿ ಮುಗಿದಿದೆ ಎಂದು ತಿಳಿಯಬೇಕು.

ಪ್ರತಿ ಮಾಡೆಲಿಗೂ ನೀರು ನಿಲ್ಲುವ ತನ್ನದೇ ಜಾಗಗಳಿವೆ. ಅವುಗಳ ತಿಳಿವಳಿಕೆಯೇ ಈ ಕಸುಬಿನ ಬಂಡವಾಳ. 1974ರವರೆಗಿನ ಎಂಜಿಬಿಯಲ್ಲಿ ಆರು ವೋಲ್ಟಿನ ಎರಡು ಬ್ಯಾಟರಿಗಳು ಸೀಟಿನ ಹಿಂದೆ ನೆಲದಡಿಯ ತೊಟ್ಟಿಲುಗಳಲ್ಲಿ ಕೂರುತ್ತವೆ. ಆ ತೊಟ್ಟಿಲುಗಳು, ಹಿಂದಿನ ಪಟ್ಟೆ ಸ್ಪ್ರಿಂಗ್ ಸೇರುವ ಜಾಗ, ಮುಂದಿನ ಮಡ್‌ಗಾರ್ಡಿನ ಹಿಂತುದಿ ಮೊದಲು ಹೋಗುತ್ತವೆ. ಜಾಗ್ವಾರ್ ಇ-ಟೈಪಿನಲ್ಲಿ ಎಂಜಿನ್ನನ್ನು ಹೊತ್ತ ಕೊಳವೆಗಳ ಚೌಕಟ್ಟನ್ನು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಲೋಟಸ್ ಎಲಾನ್‌ನ ಬಾಡಿ ಫೈಬರ್‌ಗ್ಲಾಸಿನದು, ಅದಕ್ಕೆ ತುಕ್ಕಿಲ್ಲ ಎಂದು ನೆಮ್ಮದಿಪಟ್ಟವರು ಅದರಡಿಯ ಉಕ್ಕಿನ ಬೆನ್ನೆಲುಬನ್ನು ಮರೆಯುತ್ತಾರೆ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನಮ್ಮಲ್ಲಿ ಹಿರಿಯರಿಗೆ ನೆನಪಿರುತ್ತದೆ. ಅದೇ ಹೆರಾಲ್ಡ್‌ನ ಚಾಸಿಯನ್ನು ಮೊಟಕುಗೊಳಿಸಿ ಟ್ರಯಂಫ್ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ತಂದಿತು. ಪ್ರತ್ಯೇಕ ಚಾಸಿ ಇದ್ದರೂ ಅದಕ್ಕೆ ಬದಿಯ ದೂಲಗಳಿಲ್ಲ, ಗಟ್ಟಿತನಕ್ಕೆ ಸಿಲ್‌ಗಳೇ ಗತಿ. ಚಾಸಿ ಇರುವ ಕಾರಿಗೆ ಭಯವಿಲ್ಲ ಎಂಬ ಮಾತು ಇಲ್ಲಿ ಸುಳ್ಳಾಗುತ್ತದೆ. ಇನ್ನು 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5: ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಹೆಸರಿನಲ್ಲಿ ಮಾರಾಟವಾದ ಈ ಕಾರು ಸೆಕೆಂಡ್ ಹ್ಯಾಂಡ್ ಆಗಿ ನ್ಯೂಜಿಲೆಂಡಿಗೆ ಧಾರಾಳವಾಗಿ ಬಂದಿದೆ. ಅದರ ಬಟ್ಟೆಯ ಛಾವಣಿಯ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಎರಡು ಕೊಳವೆಗಳ ಮೂಲಕ ಕೆಳಗಿಳಿಯಬೇಕು. ತರಗೆಲೆ ಕಟ್ಟಿಕೊಂಡರೆ ನೀರು ಸಿಲ್‌ನೊಳಗೆ ಇಳಿದು ಹಿಂಚಕ್ರದ ಮುಂದಿನ ಮೂಲೆಯನ್ನು ತಿನ್ನುತ್ತದೆ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಮೊದಲ ಕೆಲಸ ದೂರ ನಿಂತು ಸಂದುಗಳನ್ನು ನೋಡುವುದು. ಬಾಗಿಲಿನ ಸುತ್ತಲಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವಿನಲ್ಲಿ ಕುಸಿದಿದೆ ಎಂಬ ಸಂಶಯಕ್ಕೆ ಅಷ್ಟು ಸಾಕು. ಆಮೇಲೆ ಜಾಕ್ ಹಾಕಿ ಒಂದು ತುದಿಯನ್ನು ಎತ್ತಿ, ಅದೇ ಸಂದನ್ನು ಮತ್ತೆ ನೋಡಬೇಕು. ಗಟ್ಟಿ ಕಾರಿನ ಬಾಗಿಲು ಆಗಲೂ ಸರಾಗವಾಗಿ ತೆರೆದು ಮುಚ್ಚುತ್ತದೆ, ಸಿಲ್ ಹೋದ ಕಾರಿನಲ್ಲಿ ಸಂದು ಕಣ್ಣೆದುರೇ ಬದಲಾಗಿ ಬಾಗಿಲು ಹಿಡಿದುಕೊಳ್ಳುತ್ತದೆ. ಎಂಜಿಬಿ ಜಿಟಿಯಂಥ ಛಾವಣಿಯುಳ್ಳ ಕಾರಿನಲ್ಲಿ ಈ ಪರೀಕ್ಷೆ ಅಷ್ಟು ಮಾತಾಡುವುದಿಲ್ಲ, ಏಕೆಂದರೆ ಛಾವಣಿಯೇ ಭಾರ ಹಂಚಿಕೊಳ್ಳುತ್ತದೆ. ಜಾಕ್ ಒತ್ತಿದ ಜಾಗವೇ ಕರಕರ ಸದ್ದು ಮಾಡಿ ಒಳಸರಿದರೆ ಮುಂದಿನ ಪರೀಕ್ಷೆ ಬೇಡ. ಜಾಕ್ ಒಂದನ್ನೇ ನಂಬಿ ಕಾರಿನಡಿ ತೂರಬಾರದು, ಸ್ಟ್ಯಾಂಡ್ ಇರಲೇಬೇಕು. ಕೆಳಗೆ ಹೋದ ಮೇಲೆ ಟಾರ್ಚ್ ಬೆಳಕಿನಲ್ಲಿ ನೋಡಬೇಕಾದದ್ದು ನೀರು ಹರಿದುಹೋಗುವ ತೂತುಗಳನ್ನು. ಅವು ತೆರೆದಿವೆಯೇ, ಅಂಡರ್‌ಕೋಟಿಂಗ್ ಬಳಿದು ಮುಚ್ಚಿದ್ದಾರೆಯೇ? ಪ್ಲಾಸ್ಟಿಕ್ ಕಡ್ಡಿಯೊಂದನ್ನು ತೂರಿಸಿ ತೆಗೆದರೆ ಕಂದು ಹುಡಿ ಬರುತ್ತದೆಯೋ ಒಣ ಧೂಳೋ ತಿಳಿಯುತ್ತದೆ. ಅದೇ ತೂತಿನಿಂದ ತೆಳು ಕೊಳವೆಯ ಕ್ಯಾಮೆರಾ ಇಳಿಸಿ ಮೊಬೈಲ್ ಪರದೆಯ ಮೇಲೆ ಸಿಲ್‌ನ ಒಳಗೋಡೆಯನ್ನು ನೋಡುವ ಉಪಕರಣ ಈಗ ಅಗ್ಗವಾಗಿ ಸಿಗುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ತಟ್ಟುತ್ತ ಹೋದರೆ ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಬದ್ದನೆ ಮಂಕಾಗಿ ಸದ್ದು ಮಾಡುತ್ತದೆ. ಒಳಗೆ ಕಾರ್ಪೆಟ್ ಎತ್ತಬೇಕು, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಗುಂಡಿಯನ್ನು ಮುಟ್ಟಿ ನೋಡಬೇಕು, ಸೀಟ್ ಬೆಲ್ಟ್ ಬೋಲ್ಟಿನ ಸುತ್ತಲಿನ ತಗಡನ್ನು ಒತ್ತಿ ನೋಡಬೇಕು. ಮೂಗಿಗೆ ಮುಗ್ಗಲು ವಾಸನೆ ಬಂದರೆ ಅದೂ ಒಂದು ಸಾಕ್ಷಿ.

ಬಣ್ಣದ ವಿಷಯಕ್ಕೆ ಬಂದರೆ, ಹೊಸ ಬಣ್ಣ ನನ್ನ ದೃಷ್ಟಿಯಲ್ಲಿ ಗುಣವಲ್ಲ, ವಿವರಣೆ ಬೇಡುವ ಸಂಗತಿ. ಗುಳ್ಳೆಯನ್ನು ಉಜ್ಜಿ, ಮೇಲೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದರೆ ಹಲವು ತಿಂಗಳು ಏನೂ ಕಾಣುವುದಿಲ್ಲ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಆಡಿಸಿದರೆ ಪುಟ್ಟಿಯ ಮೇಲೆ ಹಿಡಿತ ಸಡಿಲವಾಗುತ್ತದೆ. ಅದನ್ನೂ ಕುರುಡಾಗಿ ನಂಬುವಂತಿಲ್ಲ. ಮೊದಮೊದಲ ಎಂಜಿಬಿಗಳ ಬಾನೆಟ್ ಅಲ್ಯೂಮಿನಿಯಂನದು, ಅಲ್ಲಿ ಅಯಸ್ಕಾಂತ ಅಂಟದಿರುವುದೇ ಸರಿ. ಬಣ್ಣದ ದಪ್ಪ ಅಳೆಯುವ ಮೀಟರು ಹೆಚ್ಚು ನಿಖರ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸಿನದು; ಮರುಬಣ್ಣ ಅದರ ಎರಡು ಮೂರು ಪಟ್ಟು ತೋರಿಸಬಹುದು; ಸಾವಿರ ದಾಟಿದರೆ ಕೆಳಗೆ ಪುಟ್ಟಿ ಇದೆ ಎಂದೇ ಲೆಕ್ಕ. ಕೆಳಭಾಗಕ್ಕೆ ಹೊಸದಾಗಿ ಕಪ್ಪು ಅಂಡರ್‌ಕೋಟಿಂಗ್ ಬಳಿದು ತಂದಿಟ್ಟ ಕಾರಿಗಿಂತ, ಬಣ್ಣ ಮಾಸಿ ತಳವೆಲ್ಲ ಬೆತ್ತಲೆ ಕಾಣುವ ಕಾರನ್ನು ನಾನು ಹೆಚ್ಚು ಗೌರವಿಸುತ್ತೇನೆ. ಅದರ ದೋಷವೇನಿದ್ದರೂ ಎದುರಿಗೇ ಇದೆ. ನಿಜವಾಗಿ ಟಿಂಕರಿಂಗ್ ಮಾಡಿಸಿದ ಮಾಲೀಕನ ಬಳಿ ತಗಡು ಕತ್ತರಿಸಿ ತೆಗೆದ ಹಂತದ ಫೋಟೋಗಳೂ ಬಿಲ್ಲುಗಳೂ ಇರುತ್ತವೆ. ಮುಗಿದ ಮೇಲಿನ ಫೋಟೋ ಯಾರ ಬಳಿಯಾದರೂ ಇರುತ್ತದೆ.

ಇಷ್ಟೆಲ್ಲ ಬೇಕೇ, ಸರಕಾರದ ತಪಾಸಣೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ನಮ್ಮ ಎಫ್‌ಸಿಯಂತೆ ನ್ಯೂಜಿಲೆಂಡಿನಲ್ಲಿ ವಾರಂಟ್ ಆಫ್ ಫಿಟ್‌ನೆಸ್ ಎಂಬ ವ್ಯವಸ್ಥೆ 1937ರಿಂದ ಇದೆ. ಅಲ್ಲಿ ಅದು ಖಾಸಗಿ ಕಾರುಗಳಿಗೂ ಆಗಾಗ ತಪ್ಪದೆ ಆಗಬೇಕು. ಸೀಟ್ ಬೆಲ್ಟ್, ಸಸ್ಪೆನ್ಷನ್ ಸೇರುವ ಜಾಗಗಳ ತುಕ್ಕನ್ನು ಅಲ್ಲಿನ ಇನ್‌ಸ್ಪೆಕ್ಟರುಗಳು ಗಂಭೀರವಾಗಿಯೇ ನೋಡುತ್ತಾರೆ, ಅನೇಕ ಕೆಟ್ಟ ಕಾರುಗಳು ರಸ್ತೆಯಿಂದ ಹೊರಬಿದ್ದಿರುವುದು ಅವರಿಂದಲೇ. ಆದರೆ ಅವರು ಕಣ್ಣಿಗೆ ಕಾಣುವುದನ್ನು ನೋಡುತ್ತಾರೆ. ಕಾರ್ಪೆಟ್ ಕಿತ್ತು, ಪಟ್ಟಿ ಬಿಚ್ಚಿ ಹುಡುಕುವುದು ಅವರ ಕೆಲಸವಲ್ಲ. ಇದು ಕೊಳ್ಳುವವರಿಗಾಗಿ ಮಾಡುವ ತಪಾಸಣೆಯಲ್ಲ ಎಂದು ಅಲ್ಲಿನ ಸಾರಿಗೆ ಸಂಸ್ಥೆಯೇ ಹೇಳುತ್ತದೆ. ಎಂಜಿನ್, ಗೇರ್‌ಬಾಕ್ಸ್, ಬಣ್ಣದ ಸ್ಥಿತಿ, ಭಾರ ಹೊರದ ಭಾಗಗಳ ತುಕ್ಕು ಅದರ ವ್ಯಾಪ್ತಿಯಲ್ಲಿಲ್ಲ. 40 ವರ್ಷ ದಾಟಿದ ಕಾರುಗಳಿಗೆ ಆರು ತಿಂಗಳಿಗೊಮ್ಮೆ ಇದ್ದ ತಪಾಸಣೆ 2024ರ ಸೆಪ್ಟೆಂಬರಿನಿಂದ ವರ್ಷಕ್ಕೊಮ್ಮೆ ಆಗಿದೆ. ಮಾಲೀಕರಿಗೆ ಅನುಕೂಲವೇ ಸರಿ, ಆದರೆ ಕೊಳ್ಳುವವನ ಜವಾಬ್ದಾರಿ ಅಷ್ಟರಮಟ್ಟಿಗೆ ಹೆಚ್ಚಿತು.

ಎರಡನೆಯ ಆಕ್ಷೇಪ ಇನ್ನೂ ಪ್ರಬಲವಾದದ್ದು. ಇಂಗ್ಲೆಂಡಿನಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಅಲ್ಲಿನ ಕಾರು ಕರಗುವುದು ಅದರಿಂದ; ಲೋವರ್ ಹಟ್‌ನ ಬೀದಿಗಳಿಗೆ ಅದರ ಹಂಗಿಲ್ಲ, ಹಾಗಾಗಿ ಇಲ್ಲೇ ಹುಟ್ಟಿ ಬೆಳೆದ ಕಾರು ಸುರಕ್ಷಿತ ಎಂಬುದು ಆ ವಾದ. ಇದರಲ್ಲಿ ಅರ್ಧ ಸತ್ಯವಿದೆ. ಅಂಥ ಕಾರು ಇಂಗ್ಲೆಂಡಿನ ಜೊತೆಗಾರನಿಗಿಂತ ಚೆನ್ನಾಗಿ ಉಳಿದಿರಬಹುದು. ಆದರೆ ಪೆಟೋನಿ ಕಡಲದಂಡೆಯ ಬಡಾವಣೆ, ವೆಲ್ಲಿಂಗ್ಟನ್ ಸುತ್ತಿನ ಗಾಳಿಯ ಅಬ್ಬರ ಜಗತ್ತಿಗೇ ಗೊತ್ತು. ಗಾಳಿ ಹೊತ್ತು ತರುವ ಉಪ್ಪಿಗೆ ರಸ್ತೆ ಬೇಕಿಲ್ಲ. ಕಾರವಾರ, ಮಲ್ಪೆ, ಪಣಂಬೂರಿನ ಕಡೆಯ ಕಿಟಕಿ ಸರಳು, ಸ್ಕೂಟರಿನ ತಳ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಜಪಾನಿನಿಂದ ಬಂದ ಕಾರಿನ ಹಿಂದಿನ ಊರು ಉಪ್ಪು ಹರಡುವ ಹೊಕ್ಕೈಡೋ ಆಗಿರಬಹುದು. ಪೋರ್ಶೆ 911ಕ್ಕೆ 1976ರ ಮಾಡೆಲಿನಿಂದ ಸತು ಲೇಪಿಸಿದ ಬಾಡಿ ಬಂತು, ಅದು ದೊಡ್ಡ ರಕ್ಷಣೆ. ಆದರೆ ಅಪಘಾತವಾಗಿ ಕತ್ತರಿಸಿ ವೆಲ್ಡ್ ಮಾಡಿದ ಜಾಗದಲ್ಲಿ ಆ ಸತು ಸುಟ್ಟುಹೋಗಿರುತ್ತದೆ. ಕಾರಿನ ಜಾತಕ ಊರಿನ ಹೆಸರಿನಲ್ಲಿಲ್ಲ, ಅದರ ಸಂದುಗಳಲ್ಲಿದೆ.

ತುಕ್ಕಿದ್ದರೇನು, ರಿಪೇರಿ ಮಾಡಿಸಿದರಾಯಿತು ಎಂಬುದು ಮೂರನೆಯ ಮಾತು. ಎಂಜಿಬಿಗಾದರೆ 1988ರಿಂದ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಇಡೀ ಹೊಸ ಬಾಡಿಯನ್ನೇ ತಯಾರಿಸಿ ಕೊಡುತ್ತಿದೆ, ಸಿಲ್‌ಗಳು ಬಿಡಿಯಾಗಿಯೂ ಸಿಗುತ್ತವೆ. ಆದರೆ ತಗಡಿನ ಬೆಲೆ ಖರ್ಚಿನ ಸಣ್ಣ ಪಾಲು, ದೊಡ್ಡದು ಕೂಲಿ. ಸಿಲ್ ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಕಬ್ಬಿಣದ ಆಸರೆ ವೆಲ್ಡ್ ಮಾಡಿ ಬಾಡಿಯನ್ನು ನೆಟ್ಟಗೆ ಹಿಡಿದಿರದಿದ್ದರೆ ಕಾರು ಬಾಗಿದ ಸ್ಥಿತಿಯಲ್ಲೇ ಹೊಸ ಸಿಲ್ ಕೂರುತ್ತದೆ, ಆಮೇಲೆ ಬಾಗಿಲು ಎಂದೂ ಸರಿಯಾಗಿ ಮುಚ್ಚುವುದಿಲ್ಲ. ಕೊಳೆತ ತಗಡಿನ ಮೇಲೆಯೇ ಹೊಸ ತಗಡು ಹೊದಿಸಿ ವೆಲ್ಡ್ ಮಾಡುವ ಪ್ಯಾಚ್ ಕೆಲಸವಂತೂ ತುಕ್ಕಿಗೆ ಇನ್ನೊಂದು ಸಂದು ಕಟ್ಟಿಕೊಟ್ಟಂತೆ. ತುಕ್ಕಿರುವ ಕಾರನ್ನು ಕೊಳ್ಳಲೇಬಾರದು ಎನ್ನುತ್ತಿಲ್ಲ. ಎಷ್ಟಿದೆ ಎಂದು ತಿಳಿದು, ಆ ಖರ್ಚನ್ನು ಬೆಲೆಯಲ್ಲಿ ಕಳೆದು ಕೊಂಡರೆ ಅದು ನ್ಯಾಯವಾದ ವ್ಯಾಪಾರ.

ಕಾನೂನು ನೋಡಿಕೊಳ್ಳುತ್ತದೆ ಎಂದು ಕೂರುವುದೂ ಕಷ್ಟ. ಡೀಲರಿನಿಂದ ಮನೆಬಳಕೆಗೆ ಕೊಂಡ ಕಾರಿಗೆ ನ್ಯೂಜಿಲೆಂಡಿನ 1993ರ ಗ್ರಾಹಕ ಖಾತರಿ ಕಾಯಿದೆಯ ಬೆಂಬಲವಿದೆ. ಹಳೆಯ ಸ್ಪೋರ್ಟ್ಸ್ ಕಾರುಗಳು ಬಹಳಷ್ಟು ಕೈಬದಲಾಗುವುದು ಖಾಸಗಿ ಮಾಲೀಕರ ನಡುವೆ, ಅಲ್ಲಿ ಆ ಕಾಯಿದೆ ಬರುವುದಿಲ್ಲ. ಮಾರುವವ ತಪ್ಪು ಹೇಳಿದ ಎಂದು ಸಾಬೀತು ಮಾಡುವ ಹೊಣೆ ಕೊಂಡವನ ಮೇಲೆ. ಕೇಳದ ಪ್ರಶ್ನೆಗೆ ಸುಳ್ಳು ಉತ್ತರ ಇರಲು ಸಾಧ್ಯವಿಲ್ಲ. ಆದ್ದರಿಂದ ಅಲ್ಲಿ ನೆಲೆಸಿದ ಕನ್ನಡಿಗರಿಗೂ, ಇಲ್ಲಿ ಶ್ರೀರಂಗಪಟ್ಟಣದ ಬಳಿಯ ಪಯಣ ಮ್ಯೂಸಿಯಂ ನೋಡಿ ಬಂದು ಹಳೆಯ ಕಾರಿನ ಆಸೆ ಹತ್ತಿಸಿಕೊಂಡವರಿಗೂ ನನ್ನ ವಿನಂತಿ ಒಂದೇ. ಸಿಲ್, ನೆಲ, ವೆಲ್ಡಿಂಗ್ ಬಗ್ಗೆ ಮಾಲೀಕರನ್ನು ಲಿಖಿತವಾಗಿ ಕೇಳಿ. ಅದೇ ಮಾಡೆಲನ್ನು ಬಿಚ್ಚಿ ಬಲ್ಲ ಟಿಂಕರನ್ನು ದುಡ್ಡು ಕೊಟ್ಟು ಜೊತೆಗೆ ಕರೆದೊಯ್ದು ಕಾರನ್ನು ಲಿಫ್ಟ್ ಮೇಲೆ ಏರಿಸಿ ನೋಡಿ. ಕಾರ್ಪೆಟ್ ಎತ್ತಲು ಬಿಡದ ಮಾಲೀಕರ ಕಾರನ್ನು, ಎಷ್ಟೇ ಚೆಂದವಿರಲಿ, ಬಿಟ್ಟು ಬನ್ನಿ.