64 ಎಂಬಿ ಸಾಲದಾದಾಗ

ಎನ್‌ಕ್ರಿಪ್ಟ್ ಆದ ವರ್ಚುವಲ್ ಮಷೀನಿನಲ್ಲಿ ಲಿನಕ್ಸ್ ಬೂಟ್ ಆಗುವಾಗ ಬರುವ ಲಾಗ್ ಯಾರೂ ಪೂರ್ತಿ ಓದುವಂಥದ್ದಲ್ಲ. ಆದರೆ ಅದರಲ್ಲಿ 'ಸಾಫ್ಟ್‌ವೇರ್ ಐಓ ಟಿಎಲ್‌ಬಿ' ಎಂದು ಶುರುವಾಗುವ ಸಾಲೊಂದಿದೆ. ಮುಂದೆ ಎರಡು ಮೆಮೊರಿ ವಿಳಾಸಗಳು, ಕೊನೆಗೆ ಆವರಣದಲ್ಲಿ ಒಂದು ಅಳತೆ: 64 ಎಂಬಿ, ಇಲ್ಲವೇ 245 ಎಂಬಿ, ಇಲ್ಲವೇ 1024 ಎಂಬಿ. ಆ ಯಂತ್ರದ ಡಿಸ್ಕು ಓಡುತ್ತದೋ ಕುಂಟುತ್ತದೋ ಎನ್ನುವುದು ಬಹುಮಟ್ಟಿಗೆ ಆ ಅಳತೆಯ ಮೇಲೆ ನಿಂತಿದೆ. ಅದನ್ನು ಯಾರು, ಹೇಗೆ ನಿರ್ಧರಿಸಿದರು ಎನ್ನುವುದು ನನ್ನ ಮಟ್ಟಿಗೆ ಕರ್ನಲ್ ಕಸುಬಿನ ಸೊಗಸಾದ ಕಥೆಗಳಲ್ಲೊಂದು.

ಮೊದಲು ಎನ್‌ಕ್ರಿಪ್ಟ್ ಆದ ಯಂತ್ರವೆಂದರೇನು ನೋಡೋಣ. ಬಾಡಿಗೆಯ ಕ್ಲೌಡ್‌ನಲ್ಲಿ ನಮ್ಮ ವರ್ಚುವಲ್ ಮಷೀನ್ ಓಡುವುದು ಇನ್ನೊಬ್ಬರ ಕಂಪ್ಯೂಟರಿನ ಮೇಲೆ: ಅದು ಹೋಸ್ಟ್, ನಮ್ಮದು ಗೆಸ್ಟ್. ಆ ಕಂಪ್ಯೂಟರಿನ ಮೇಲೆ ಹಿಡಿತವಿರುವವರು ಮನಸ್ಸು ಮಾಡಿದರೆ ನಮ್ಮ ಮೆಮೊರಿಯನ್ನು ಪೂರ್ತಿ ಓದಬಹುದು. ಎಎಂಡಿ 2016ರಲ್ಲಿ ಇದಕ್ಕೆ ಒಂದು ಪರಿಹಾರ ವಿವರಿಸಿ, 2017ರ ಎಪಿಕ್ ಚಿಪ್‌ಗಳಲ್ಲಿ ತಂದಿತು. ಪ್ರತಿ ವರ್ಚುವಲ್ ಮಷೀನಿಗೂ ಬೇರೆ ಬೇರೆ ಕೀಲಿ. ಖಾಸಗಿ ಮೆಮೊರಿಗೆ ಹೋಗುವ ಪ್ರತಿ ಬೈಟೂ ಆ ಕೀಲಿಯಿಂದ ಗೂಢವಾಗುತ್ತದೆ, ಚಿಪ್ಪಿನೊಳಗಿನ ಭದ್ರತಾ ಪ್ರೊಸೆಸರ್ ನಿಭಾಯಿಸುವ ಆ ಕೀಲಿ ಚಿಪ್ಪಿನ ಹೊರಗೆ ಬರುವುದಿಲ್ಲ. ಪ್ರತಿ ಪುಟದ ವಿಳಾಸದಲ್ಲೂ ಒಂದು ಬಿಟ್ ಇದೆ: ಅದು ಏರಿದ್ದರೆ ಪುಟ ಖಾಸಗಿ, ಇಳಿದಿದ್ದರೆ ಹಂಚಿಕೆಯದು. ಲಿನಕ್ಸ್ ತನ್ನ 4.15 ಆವೃತ್ತಿಯಿಂದ, ಅಂದರೆ 2018ರ ಜನವರಿಯಿಂದ, ಇಂಥ ಯಂತ್ರದೊಳಗೆ ಗೆಸ್ಟ್ ಆಗಿ ಓಡಬಲ್ಲದು. ಇಂಟೆಲ್‌ನ ಇಂಥದೇ ಏರ್ಪಾಡು ಟಿಡಿಎಕ್ಸ್ ಆಮೇಲೆ ಬಂತು.

ತೊಡಕು ಶುರುವಾಗುವುದು ಡಿಸ್ಕು, ನೆಟ್‌ವರ್ಕ್ ಕಾರ್ಡುಗಳಿಂದ. ಇವು ಸಿಪಿಯುವಿನ ಕೈ ಹಿಡಿದು ನಡೆಯುವ ಸಾಧನಗಳಲ್ಲ. 'ಈ ವಿಳಾಸದಲ್ಲಿ ಇಷ್ಟು ಬೈಟ್ ಇದೆ, ತೆಗೆದುಕೋ' ಎಂದು ಡ್ರೈವರ್ ಹೇಳಿದರೆ ತಾವೇ ಮೆಮೊರಿಗೆ ಕೈ ಹಾಕುತ್ತವೆ. ಕೀಲಿ ಅವುಗಳ ಬಳಿ ಇಲ್ಲ. ಖಾಸಗಿ ಪುಟ ಓದಿದರೆ ಸಿಗುವುದು ಕಸ. ಬರೆಯಹೊರಟರೂ ಅಷ್ಟೇ, ಕೆಲವು ವ್ಯವಸ್ಥೆಗಳಲ್ಲಿ ಬರೆಯಲು ಹಾರ್ಡ್‌ವೇರೇ ಬಿಡದು.

ಇದರ ಪರಿಹಾರಕ್ಕೊಂದು ಹೋಲಿಕೆ ಕೊಡುತ್ತೇನೆ. ದೆಹಲಿಯ ಪೀತಮ್‌ಪುರದ ಕೆಲವು ಹೌಸಿಂಗ್ ಸೊಸೈಟಿಗಳಲ್ಲಿ ಕೊರಿಯರ್ ಹುಡುಗನನ್ನು ಗೇಟಿನಿಂದ ಒಳಗೆ ಬಿಡುವುದಿಲ್ಲ. ಅವನು ಪೊಟ್ಟಣವನ್ನು ಗಾರ್ಡ್ ಮೇಜಿನ ಮೇಲೆ ಇಟ್ಟು ಹೋಗುತ್ತಾನೆ, ಒಳಗಿನವರು ಯಾರಾದರೂ ಬಂದು ಮನೆಗೆ ಒಯ್ಯುತ್ತಾರೆ. ಹೊರಗೆ ಹೋಗಬೇಕಾದದ್ದೂ ಅದೇ ಮೇಜಿನ ಮೇಲಿಂದಲೇ. ಎನ್‌ಕ್ರಿಪ್ಟ್ ಆದ ಯಂತ್ರದಲ್ಲಿ ಈ ಮೇಜಿನ ಹೆಸರು ಬೌನ್ಸ್ ಬಫರ್, ಬೂಟ್ ಲಾಗಿನ ಆ ಸಾಲು ಹೇಳುವುದು ಇದರ ಅಳತೆಯನ್ನೇ. ಬೂಟ್ ಆಗುವಾಗಲೇ ಮೆಮೊರಿಯ ಒಂದು ತುಂಡನ್ನು ಹಂಚಿಕೆಯದೆಂದು ತೆರೆದಿಟ್ಟಿರುತ್ತಾರೆ. ಡಿಸ್ಕಿಗೆ ಬರೆಯುವ ದತ್ತಾಂಶವನ್ನು ಕರ್ನಲ್ ಖಾಸಗಿ ಪುಟದಿಂದ ಅಲ್ಲಿಗೆ ನಕಲು ಮಾಡುತ್ತದೆ, ಡಿಸ್ಕು ಅಲ್ಲಿಂದ ಎತ್ತಿಕೊಳ್ಳುತ್ತದೆ. ಓದುವಾಗ ಇದೇ ದಾರಿ ತಿರುಗುಮುರುಗು.

ಈ ಏರ್ಪಾಡಿನ ಜಾಣತನ ಎಲ್ಲಿದೆಯೆಂದರೆ, ಡ್ರೈವರ್‌ಗಳಿಗೆ ಇದರ ಸುಳಿವೇ ಇಲ್ಲ. ಬಹುತೇಕ ಡ್ರೈವರ್‌ಗಳು ಮೊದಲಿನಿಂದಲೂ ಕರ್ನಲ್‌ನ ಡಿಎಂಎ (ಸಾಧನ ನೇರವಾಗಿ ಮೆಮೊರಿ ಮುಟ್ಟುವ ವಿಧಾನ) ಕಾರ್ಯಗಳನ್ನು ಕರೆದೇ ಸಾಧನಕ್ಕೆ ವಿಳಾಸ ಕೊಡುತ್ತಿದ್ದವು. ಆ ಕಾರ್ಯಗಳ ಒಳಗಡೆ ನಕಲಿನ ಕೆಲಸವನ್ನು ಸೇರಿಸಿದ್ದಾರೆ, ಹೊರಗೆ ಏನೂ ಬದಲಾಗಿಲ್ಲ. ಹೀಗಾಗಿ ಸಾವಿರಾರು ಡ್ರೈವರ್‌ಗಳಲ್ಲಿ ಬಹುಪಾಲನ್ನು ಎನ್‌ಕ್ರಿಪ್ಶನ್ನಿಗೆಂದು ತಿದ್ದಿ ಬರೆಯುವ ಗೋಜು ಬರಲಿಲ್ಲ. ಇನ್ನೂ ಸೋಜಿಗವೆಂದರೆ ಈ ಕೋಡನ್ನು ಹೊಸದಾಗಿ ಬರೆಯಲೂ ಇಲ್ಲ. 2000ದಲ್ಲಿ ಅಸಿತ್ ಮಲ್ಲಿಕ್ ಮತ್ತು ಗೌತಮ್ ರಾವ್ ಇಟೇನಿಯಂ ಯಂತ್ರಗಳಿಗೆಂದು ಇದನ್ನು ಬರೆದಿದ್ದರು, ಆಮೇಲೆ ಎಚ್‌ಪಿಯ ಡೇವಿಡ್ ಮೋಸ್‌ಬರ್ಗರ್ ಕೈ ಆಡಿಸಿದರು. ಕಡತದ ತಲೆಯಲ್ಲಿ ಈ ಹೆಸರುಗಳು ಇಂದಿಗೂ ಇವೆ. ಆಗಿನ ಅಗತ್ಯ ಬೇರೆ: 32 ಬಿಟ್‌ನ ಹಳೆಯ ಕಾರ್ಡುಗಳಿಗೆ 4 ಜಿಬಿಯ ಮೇಲಿನ ಮೆಮೊರಿ ಕಾಣುತ್ತಿರಲಿಲ್ಲ, ಅವಕ್ಕಾಗಿ ಕೆಳಗಿನ ವಿಳಾಸದಲ್ಲಿ ಒಂದು ತಂಗುದಾಣ ಬೇಕಿತ್ತು. ಅಲ್ಲೊಂದು ಇಲ್ಲೊಂದು ಹಳೆಯ ಕಾರ್ಡಿಗೆ 64 ಎಂಬಿ ಧಾರಾಳವಾಗಿತ್ತು. ಭದ್ರತೆಯ ಕಾಲ ಬಂದಾಗ ಅದೇ ಕೋಡಿಗೆ ಯಂತ್ರದ ಇಡೀ ದಟ್ಟಣೆ ಹೊರುವ ಕೆಲಸ ಬಿತ್ತು. ಅಳತೆ ಮಾತ್ರ 64 ಎಂಬಿಯೇ ಉಳಿದಿತ್ತು.

ಈ ದಾರಿ ಹಿಡಿದದ್ದು ಎಎಂಡಿ ಮಾತ್ರವಲ್ಲ. 2019ರ ನವೆಂಬರಿನಲ್ಲಿ ಬಂದ ಲಿನಕ್ಸ್ 5.4ರಲ್ಲಿ ಐಬಿಎಂನ ಪವರ್ ಯಂತ್ರಗಳ ಸುರಕ್ಷಿತ ಗೆಸ್ಟ್‌ಗಳೂ ಇದೇ ಬೌನ್ಸ್ ಬಫರನ್ನು ಕಡ್ಡಾಯ ಮಾಡಿಕೊಂಡವು. ಆ ತಿದ್ದುಪಡಿ ಬರೆದವರು ಅಂಶುಮಾನ್ ಖಂಡುವಾಲ್. ಅದೇ ಯಂತ್ರಗಳ ಹೋಸ್ಟ್ ಬದಿಯಲ್ಲಿ ಸುರಕ್ಷಿತ ಪುಟಗಳನ್ನು ನಿಭಾಯಿಸುವ ಭಾಗ ಬರೆದವರು ಭರತ ಬಿ. ರಾವ್. ಪವರ್ ಮಂದಿ ಇನ್ನೊಂದು ಒಳ್ಳೆಯ ಪ್ರಶ್ನೆ ಎತ್ತಿದರು: ಬಫರ್ 4 ಜಿಬಿಯ ಕೆಳಗೇ ಇರಬೇಕೆಂಬ ನಿಯಮ ಹಳೆಯ ಕಾರ್ಡುಗಳ ಕಾಲದ್ದಲ್ಲವೇ, ನಮಗೇಕೆ? ಅವರಿಗಾಗಿ ಆ ನಿಯಮ ಸಡಿಲವಾಯಿತು.

ಈಗ ಲೆಕ್ಕಕ್ಕೆ ಬರೋಣ. ಬಫರನ್ನು 2 ಕೆಬಿಯ ಸ್ಲಾಟುಗಳಾಗಿ ಕತ್ತರಿಸಿರುತ್ತಾರೆ. 64 ಎಂಬಿಗೆ 32,768 ಸ್ಲಾಟು. 1,500 ಬೈಟಿನ ಒಂದು ನೆಟ್‌ವರ್ಕ್ ಪ್ಯಾಕೆಟ್ ಒಂದು ಸ್ಲಾಟು ನುಂಗುತ್ತದೆ, 4 ಕೆಬಿಯ ಪುಟ ಎರಡು. ಒಂದೇ ಕೋರಿಕೆಗೆ ಸಾಲಾಗಿ ಸಿಗುವುದು ಹೆಚ್ಚೆಂದರೆ 128 ಸ್ಲಾಟು, ಅಂದರೆ 256 ಕೆಬಿ. ಈ ಮಿತಿ ಗೊತ್ತಿಲ್ಲದ ವರ್ಚುವಲ್ ಡಿಸ್ಕಿನ ಡ್ರೈವರ್ ಅದಕ್ಕಿಂತ ದೊಡ್ಡ ತುಂಡುಗಳನ್ನು ಕೇಳಿ ಸೋಲುತ್ತಿತ್ತು. 2019ರಲ್ಲಿ ಯೋರ್ಗ್ ರೋಡೆಲ್ 'ನಿನ್ನ ಗರಿಷ್ಠ ಎಷ್ಟು' ಎಂದು ಡ್ರೈವರ್ ಮೊದಲೇ ಕೇಳಿ ತಿಳಿಯುವ ದಾರಿ ಮಾಡಿಕೊಟ್ಟರು.

ಹಾಗಾದರೆ ಎಷ್ಟು ಸ್ಲಾಟು ಬೇಕು? ಸೆಕೆಂಡಿಗೆ 1 ಜಿಬಿ ವೇಗದ ಡಿಸ್ಕು, ಒಂದು ಕೋರಿಕೆ ಹೋಗಿ ಬರಲು 20 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ. ವೇಗವನ್ನು ಸಮಯದಿಂದ ಗುಣಿಸಿದರೆ ಯಾವ ಕ್ಷಣದಲ್ಲೂ ಸುಮಾರು 20 ಎಂಬಿ ದಾರಿಯಲ್ಲಿರುತ್ತದೆ. 64 ಎಂಬಿ ಸಾಕಲ್ಲ ಎನಿಸುತ್ತದೆ. ಆದರೆ ಅನುಭವಸ್ಥರು ಸರಾಸರಿಯನ್ನು ನಂಬುವುದಿಲ್ಲ, ಕೋರಿಕೆಗಳು ಕಾಯುವ ಸಾಲಿನ (ಕ್ಯೂ) ಆಳ ನೋಡುತ್ತಾರೆ. ಆ ಡಿಸ್ಕಿಗೆ 8 ಸಾಲು, ಒಂದೊಂದರಲ್ಲಿ 128 ಕೋರಿಕೆ, ಒಂದೊಂದು ಕೋರಿಕೆ 256 ಕೆಬಿ ಎಂದಾದರೆ ಪೂರ್ತಿ ತುಂಬಿದಾಗ 256 ಎಂಬಿ. ಬ್ಯಾಕಪ್ ಶುರುವಾದ ರಾತ್ರಿ, ಡಿಸ್ಕು ಸ್ವಲ್ಪ ನಿಧಾನವಾದೊಡನೆ ಸಾಲುಗಳೆಲ್ಲ ತುಂಬುತ್ತವೆ.

ನೆಟ್‌ವರ್ಕ್ ಕಾರ್ಡಿನ ಲೆಕ್ಕ ಇನ್ನೂ ಮೋಜಿನದು, ಮೊದಲ ಸಲ ನೋಡಿದವರು ನಂಬುವುದಿಲ್ಲ. ಪ್ಯಾಕೆಟ್ ಯಾವಾಗ ಬರುತ್ತದೋ ಯಾರಿಗೂ ತಿಳಿಯದ ಕಾರಣ, ಪ್ಯಾಕೆಟ್ ಸ್ವೀಕರಿಸುವ ಸುತ್ತುಪಟ್ಟಿಯನ್ನು, ಅಂದರೆ ರಿಂಗನ್ನು, ಡ್ರೈವರ್ ಮೊದಲೇ ಖಾಲಿ ಪುಟಗಳಿಂದ ತುಂಬಿಸಿಟ್ಟಿರುತ್ತದೆ. ಆ ಪ್ರತಿ ಖಾಲಿ ಪುಟಕ್ಕೂ ಬೌನ್ಸ್ ಬಫರಿನಲ್ಲಿ ಜಾಗ ಕಾದಿರಿಸಬೇಕು. 16 ರಿಂಗು, ಒಂದರಲ್ಲಿ 1,024 ಜಾಗ, ಜಾಗಕ್ಕೊಂದು 4 ಕೆಬಿ ಪುಟ. ಗುಣಿಸಿ ನೋಡಿ: ಸರಿಯಾಗಿ 64 ಎಂಬಿ. ಒಂದು ಬೈಟೂ ಬಂದಿಲ್ಲ, ಹೋಗಿಲ್ಲ. ಕಾರ್ಡು ಚಾಲೂ ಆಗಿದೆ ಅಷ್ಟೇ, ಡಿಸ್ಕಿನ ಪಾಲಿಗೆ ಏನೂ ಉಳಿದಿಲ್ಲ.

ಜಾಗ ಮುಗಿದಾಗ ಕರ್ನಲ್ ಲಾಗಿನಲ್ಲಿ ಬಫರ್ ತುಂಬಿದೆ ಎಂದು ದೂರುತ್ತದೆ: ಕೇಳಿದ್ದು ಇಷ್ಟು ಬೈಟು, ಒಟ್ಟು ಸ್ಲಾಟು ಇಷ್ಟು, ಬಳಕೆಯಲ್ಲಿರುವುದು ಇಷ್ಟು. ಕೆಲವೊಮ್ಮೆ ಬಳಕೆಯ ಸಂಖ್ಯೆ ಒಟ್ಟಿಗಿಂತ ಸಾಕಷ್ಟು ಕಡಿಮೆಯೇ ಇರುತ್ತದೆ. ಖಾಲಿ ಸ್ಲಾಟು ಬೇಕಾದಷ್ಟಿದ್ದರೂ ಪಕ್ಕಪಕ್ಕದಲ್ಲಿ ಇಲ್ಲದಿದ್ದರೆ ದೊಡ್ಡ ಕೋರಿಕೆಗೆ ಅವು ಉಪಯೋಗಕ್ಕಿಲ್ಲ. ಆಮೇಲಿನದು ಡ್ರೈವರಿನ ಗುಣಕ್ಕೆ ಬಿಟ್ಟದ್ದು: ಕೆಲವು ಸುಮ್ಮನೆ ಕಾದು ಮತ್ತೆ ಕೇಳುತ್ತವೆ, ಕೆಲವು ಪ್ಯಾಕೆಟ್ ಬಿಸಾಡುತ್ತವೆ, ಕೆಲವು ಓದು-ಬರಹದ ದೋಷವೆಂದು ಮೇಲಿನವರಿಗೆ ಹೇಳಿಬಿಡುತ್ತವೆ.

ಹಾಗಿದ್ದರೆ ಧಾರಾಳವಾಗಿ ಕೊಟ್ಟರಾಯಿತಲ್ಲ? ಇಲ್ಲೇ ಕಸುಬಿನ ಇಕ್ಕಟ್ಟು. ಬೌನ್ಸ್ ಬಫರಿಗೆ ಕೊಟ್ಟ ಮೆಮೊರಿ ಅಪ್ಲಿಕೇಶನ್‌ಗಳಿಗೆ ಮತ್ತೆ ಸಿಗುವುದಿಲ್ಲ. 512 ಎಂಬಿಯ ಪುಟ್ಟ ಯಂತ್ರದಲ್ಲಿ 64 ಎಂಬಿ ಎಂದರೆ ಎಂಟರಲ್ಲೊಂದು ಪಾಲು ಹೋದಂತೆ. ಬೇಕಾದಾಗ ಅಪ್ಲಿಕೇಶನ್ನಿನ ಪುಟವನ್ನೇ ಹಂಚಿಕೆಯದಾಗಿ ತಿರುಗಿಸೋಣವೆಂದರೆ, ಪ್ರತಿ ತಿರುವಿಗೂ ಪುಟಪಟ್ಟಿ ತಿದ್ದಬೇಕು, ಹೊಸ ಚಿಪ್‌ಗಳಲ್ಲಿ ಹೋಸ್ಟ್‌ಗೂ ತಿಳಿಸಬೇಕು. ಮೇಲಾಗಿ ಅದೇ 4 ಕೆಬಿ ಪುಟದಲ್ಲಿ ಪಕ್ಕಕ್ಕಿದ್ದ ಬೇರಾವುದೋ ಗುಟ್ಟೂ ಹೊರಗೆ ಕಾಣುತ್ತದೆ. ಅದಕ್ಕಿಂತ ನಕಲು ಮಾಡುವುದೇ ಅಗ್ಗ. ಇನ್ನು, ಸಾಲಾಗಿ ನೂರಾರು ಎಂಬಿ ಒಟ್ಟಿಗೆ ಸಿಗುವುದು ಬೂಟ್ ಸಮಯದಲ್ಲಿ, ಮೆಮೊರಿ ಚದುರುವ ಮೊದಲು. ಹೊರೆ ಎಷ್ಟೆಂದು ಯಾರಿಗೂ ಗೊತ್ತಿಲ್ಲದ ಹೊತ್ತಿನಲ್ಲೇ ಅಳತೆ ತೀರ್ಮಾನಿಸಬೇಕು.

ಎಎಂಡಿಯ ಆಶಿಶ್ ಕಾಲ್ರಾ ಬರೆದ, ಲಿನಕ್ಸ್ 5.11ರಲ್ಲಿ ಅಂದರೆ 2021ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿ ಇದಕ್ಕೆ ಕೊಟ್ಟ ಉತ್ತರ: ಒಟ್ಟು ಮೆಮೊರಿಯ ಶೇ 6. ಕನಿಷ್ಠ 64 ಎಂಬಿ, ಗರಿಷ್ಠ 1 ಜಿಬಿ. 4 ಜಿಬಿಯ ಯಂತ್ರಕ್ಕೆ 245 ಎಂಬಿ ಚಿಲ್ಲರೆ, 16 ಜಿಬಿಗೆ 983 ಎಂಬಿ, ಅಲ್ಲಿಂದ ಸ್ವಲ್ಪ ಮೇಲೆ ಹೋದರೆ ಗರಿಷ್ಠ ತಲುಪಿ ನಿಲ್ಲುತ್ತದೆ. ಈ 6 ಎಲ್ಲಿಂದ ಬಂತು? ಕೋಡಿನ ಟಿಪ್ಪಣಿಯಲ್ಲೇ ಬರೆದಿದೆ: 1 ಜಿಬಿಯೊಳಗಿನ ಯಂತ್ರಕ್ಕೆ 64 ಎಂಬಿ, 1ರಿಂದ 4 ಜಿಬಿಯವಕ್ಕೆ ಸುಮಾರು 128ರಿಂದ 256 ಎಂಬಿ ಎಂಬ ಮೆಟ್ಟಿಲು ಲೆಕ್ಕಕ್ಕೆ ಹತ್ತಿರ ಬರುವ ಅಂದಾಜು ಅಷ್ಟೇ. ಇದು ಅಂದಾಜು ಎಂದು ಹೇಳಿಯೇ ಬರೆದ ಸಂಖ್ಯೆ ನನಗೆ ಇಷ್ಟ. ದಶಾಂಶ ಸೇರಿಸಿ ಪಾಂಡಿತ್ಯ ತೋರಿಸುವುದು ಬಲು ಸುಲಭವಿತ್ತು. ಆದರೆ ಅದರ ಕುಂದೂ ಎದ್ದು ಕಾಣುತ್ತದೆ. ಬಫರಿನ ಅಗತ್ಯ ಸಾಲು ಮತ್ತು ರಿಂಗುಗಳಿಂದ ಬರುತ್ತದೆ, ಯಂತ್ರದ ಮೆಮೊರಿಯಿಂದ ಅಲ್ಲ. ಲೆಕ್ಕವನ್ನಷ್ಟೇ ಮಾಡುತ್ತ ಕೂತ 16 ಜಿಬಿಯ ಯಂತ್ರ ಸುಮ್ಮನೆ 1 ಜಿಬಿಯ ಹತ್ತಿರ ಕಳೆದುಕೊಳ್ಳುತ್ತದೆ.

ಅಳತೆ ಸರಿಯಿದ್ದರೂ ನೂಕುನುಗ್ಗಲಿನ ಕಾಟ ಬೇರೆ. ಮೊದಲಿಗೆ ಇಡೀ ಬಫರಿಗೆ ಒಂದೇ ಲಾಕ್ ಇತ್ತು, ಎಲ್ಲ ಸಿಪಿಯುಗಳೂ ಅದಕ್ಕಾಗಿ ಕಾಯುತ್ತಿದ್ದವು. 2022ರ ಲಿನಕ್ಸ್ 6.0ರಲ್ಲಿ ತಿಯಾನ್ಯು ಲಾನ್ ಅದನ್ನು ಭಾಗಗಳಾಗಿ ಹಂಚಿ ಭಾಗಕ್ಕೊಂದು ಲಾಕ್ ಕೊಟ್ಟರು. 64 ಸಿಪಿಯು ಇದ್ದು ಬಫರ್ 64 ಎಂಬಿ ಇದ್ದರೆ ಭಾಗಕ್ಕೆ 1 ಎಂಬಿ. ತನ್ನ ಭಾಗ ತುಂಬಿದರೆ ಪಕ್ಕದ್ದನ್ನು ನೋಡಬೇಕು.

ಈ ಜಾಗ ಹೋಸ್ಟ್‌ಗೆ ತೆರೆದಿರುವಂಥದ್ದು ಎನ್ನುವುದನ್ನೂ ಮರೆಯುವಂತಿಲ್ಲ. ಮೆಮೊರಿ ಎನ್‌ಕ್ರಿಪ್ಟ್ ಆಗಿದೆಯೆಂದು ಡಿಸ್ಕನ್ನು ಹಾಗೇ ಬಿಟ್ಟರೆ ಅದರ ದತ್ತಾಂಶವೆಲ್ಲ ಬೌನ್ಸ್ ಬಫರಿನಲ್ಲಿ ಬತ್ತಲೆ. ಆದ್ದರಿಂದ ಒಳಗೇ ಡಿಸ್ಕ್ ಎನ್‌ಕ್ರಿಪ್ಶನ್, ನೆಟ್‌ವರ್ಕಿಗೆ ಟಿಎಲ್‌ಎಸ್ ಇರಲೇಬೇಕು. ಎನ್ವಿಡಿಯಾದ ಎಚ್100 ಜಿಪಿಯು ಇದನ್ನು ತಾನೇ ಮಾಡಿಕೊಳ್ಳುತ್ತದೆ: ಅದಕ್ಕೆ ಹೋಗುವ ದತ್ತಾಂಶ ಬಫರಿಗೆ ಬೀಳುವ ಮೊದಲೇ ಗೂಢವಾಗಿರುತ್ತದೆ.

2023ರಲ್ಲಿ ಎರಡು ಒಳ್ಳೆಯ ಕೆಲಸಗಳಾದವು. ಜೂನಿನ ಲಿನಕ್ಸ್ 6.4ರಲ್ಲಿ ಮೈಕೆಲ್ ಕೆಲ್ಲಿ, ಬಫರ್ ಇದುವರೆಗೆ ಅತಿ ಹೆಚ್ಚು ಎಷ್ಟು ತುಂಬಿತ್ತು ಎಂಬ ಗುರುತನ್ನು ದಾಖಲಿಸುವ ಕಡತ ಸೇರಿಸಿದರು. ಈಗಿನ ಸ್ವಯಂಚಾಲಿತ ಲೆಕ್ಕ ಕೈ ಬಿಚ್ಚಿ ಕೊಡುತ್ತದೆ, ಬಹಳ ಕಡೆ ಮೆಮೊರಿ ಪೋಲಾಗುತ್ತಿರಬಹುದು ಎನ್ನುವುದೇ ಅವರ ಕಾರಣ. ಅಕ್ಟೋಬರಿನ 6.6ರಲ್ಲಿ ಪೆತ್ರ್ ತೆಸಾರ್ಝಿಕ್ ಬಫರ್ ಅಗತ್ಯಕ್ಕೆ ತಕ್ಕಂತೆ ಬೆಳೆಯುವ ವ್ಯವಸ್ಥೆ ತಂದರು. ಇಲ್ಲೊಂದು ಸೂಕ್ಷ್ಮವಿದೆ. ಜಾಗ ಬೇಕೆಂಬ ಕೂಗು ಬರುವುದು ಬಹುತೇಕ ಕರ್ನಲ್ ನಿದ್ರಿಸಲಾಗದ ಹೊತ್ತಿನಲ್ಲಿ. ಪುಟಗಳನ್ನು ಹಂಚಿಕೆಗೆ ತಿರುಗಿಸುವುದು ಕಾಯಬೇಕಾದ ಕೆಲಸ. ಹಾಗಾಗಿ ಮೊದಲೇ ತೆರೆದಿಟ್ಟ ಸಣ್ಣ ಮೀಸಲಿನಿಂದ ಆ ಕ್ಷಣದ ಕೋರಿಕೆ ತೀರಿಸಿ, ಹಿನ್ನೆಲೆಯಲ್ಲಿ ಇನ್ನೊಬ್ಬ ಕೆಲಸಗಾರ ನಿಧಾನವಾಗಿ ಹೊಸ ಜಾಗ ಸಿದ್ಧಪಡಿಸುತ್ತಾನೆ.

ಮುಂದೆ ಸಾಧನವೇ ತನ್ನ ಗುರುತು ಸಾಬೀತುಪಡಿಸಿ ಖಾಸಗಿ ಮೆಮೊರಿಗೆ ನೇರ ಪ್ರವೇಶ ಪಡೆಯುವ ಟಿಡಿಐಎಸ್‌ಪಿ ಎಂಬ ಪಿಸಿಐಇ ಮಾನದಂಡ ಬಳಕೆಗೆ ಬರುತ್ತಿದೆ. ಅಂಥ ಕಾರ್ಡಿಗೆ ನಕಲಿನ ಗೊಡವೆಯಿಲ್ಲ. ಹೋಸ್ಟ್ ತಾನೇ ಸಾಫ್ಟ್‌ವೇರಿನಲ್ಲಿ ಸೃಷ್ಟಿಸಿಕೊಡುವ ವರ್ಚುವಲ್ ಡಿಸ್ಕು, ನೆಟ್‌ವರ್ಕುಗಳಿಗೆ ಮಾತ್ರ ಬೌನ್ಸ್ ಬಫರ್ ತಪ್ಪದು. ಹೋಸ್ಟನ್ನು ನಂಬದಿರುವುದೇ ಇಲ್ಲಿನ ಮೂಲ ಕರಾರು.

ಅಷ್ಟರವರೆಗೆ ಅಳತೆಯ ಕೆಲಸ ನಮ್ಮದೇ. ಪೀತಮ್‌ಪುರದ ನೇತಾಜಿ ಸುಭಾಷ್ ಪ್ಲೇಸ್‌ನಲ್ಲಿ ಜಿಎಸ್‌ಟಿ ಲೆಕ್ಕ ನೋಡುವ ಕಚೇರಿಯೊಂದು, 2023ರ ದತ್ತಾಂಶ ರಕ್ಷಣಾ ಕಾಯ್ದೆ ಬಂದ ಮೇಲೆ ಗ್ರಾಹಕರ ಕಡತಗಳನ್ನು ಇಂಥ ಯಂತ್ರಕ್ಕೆ ಸಾಗಿಸಿದೆ ಎಂದುಕೊಳ್ಳಿ. ಅದರ ಹೊರೆ ತಿಂಗಳಿಡೀ ಒಂದೇ ಸಮ ಇರುವುದಿಲ್ಲ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ 20ನೇ ತಾರೀಖು ಜಿಎಸ್‌ಟಿಯ 3ಬಿ ರಿಟರ್ನ್ ಸಲ್ಲಿಸುವ ಕೊನೆಯ ದಿನ. 15ಕ್ಕೆ ಕೆಲ್ಲಿ ಸೇರಿಸಿದ ಆ ಗರಿಷ್ಠ ಗುರುತಿನ ಕಡತಕ್ಕೆ ಸೊನ್ನೆ ಬರೆದು, 21ರ ಬೆಳಿಗ್ಗೆ ಓದಬೇಕು. 90,000 ಸ್ಲಾಟು ಬಳಕೆಯಾಗಿದ್ದರೆ ಅದು ಸುಮಾರು 176 ಎಂಬಿ. ಚದುರುವಿಕೆಗೆ ಸ್ವಲ್ಪ ಬಿಟ್ಟು 256 ಎಂಬಿಗೆ ನಿಗದಿ ಮಾಡಬಹುದು: ಬೂಟ್ ಸಾಲಿನಲ್ಲಿ ಕೊಡಬೇಕಾದ ಸಂಖ್ಯೆ 131072. ಅದು ಎಂಬಿಯಲ್ಲ, ಸ್ಲಾಟುಗಳ ಲೆಕ್ಕ. 256 ಎಂದೇ ಬರೆದುಬಿಟ್ಟರೆ ಕೇಳಿದ್ದು ಅರ್ಧ ಎಂಬಿ ಆಗುತ್ತದೆ.