ಹಳೆಯ ಕಾರಿನ ಗಡಗಡ ಸದ್ದು

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರುಗಳು ಇಂದಿಗೂ ಕೆಲವರ ಬಳಿ ಉಂಟು. ಇಂಥ ಹಳೆಯ ಕಾರು ನಿಂತಿರುವಾಗ ಅಡಿಯಿಂದ ಗಡಗಡ ಸದ್ದು ಬರುವುದು. ಎಂಜಿನ್ನಿನ ವೇಗ ಏರಿದೊಡನೆ ಅಡಗಿಬಿಡುವುದು. ಸದ್ದಡಗಿದ ಮಾತ್ರಕ್ಕೆ ದೋಷ ಹೋಯಿತೆಂದು ನಾವು ತಿಳಿಯಬಾರದು.

ನಾಲ್ಕು ಸಿಲಿಂಡರುಗಳ ಈ ಎಂಜಿನ್ನು ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಬಾರಿ ಹೊಗೆಯನ್ನು ಹೊರನೂಕುತ್ತದೆ. ನಿಮಿಷಕ್ಕೆ 900 ಸುತ್ತುಗಳಾದರೆ ಸೆಕೆಂಡಿಗೆ 30 ನೂಕುಗಳಾದುವು. ತಟ್ಟಿದ ವಸ್ತುವೊಂದು ಸೆಕೆಂಡಿಗೆ ತಾನಾಗಿ ಎಷ್ಟು ಬಾರಿ ಅದುರುವುದೋ ಅದು ಅದರ ಸಹಜ ಆವೃತ್ತಿ. ಸಡಿಲವಾದ ಕೊಳವೆಯ ಸಹಜ ಆವೃತ್ತಿಯೂ 30ರ ಸಮೀಪವಿದ್ದರೆ, ಹೊತ್ತರಿತು ನೂಕಿದ ಉಯ್ಯಾಲೆಯಂತೆ ಅದರ ಕಂಪನ ಬೆಳೆಯುತ್ತದೆ. ಇದೇ ಅನುರಣನ. ವೇಗ ಬದಲಾದರೆ ಹೊಂದಿಕೆ ತಪ್ಪುತ್ತದೆ, ಸದ್ದು ನಿಲ್ಲುತ್ತದೆ.

ದೋಷವನ್ನು ಹುಡುಕುವುದು ಹೇಗೆ? ಎಂಜಿನ್ನು ತಣಿದ ಮೇಲೆ ಕಾರನ್ನು ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಬೇಕು. ಬರಿಯ ಜಾಕಿಯನ್ನು ನಂಬಿ ಅಡಿಗೆ ನುಸುಳಬಾರದು. ಅನಂತರ ಕೊಳವೆಯನ್ನು ಉದ್ದಕ್ಕೂ ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತ ಬರೋಣ. ಕೊಳವೆ ತೂಗಾಡಿ ಕಾರಿನ ತಳಕ್ಕೆ ತಗುಲಿದರೆ, ಅದನ್ನು ತೂಗುಹಾಕಿದ ರಬ್ಬರು ಹರಿದಿದೆಯೇ ಎಂದು ನೋಡಿ ಹೊಸದನ್ನು ಹಾಕಬೇಕು. ಜೋಡಣೆಯಲ್ಲಿ ಸದ್ದಾದರೆ ಕ್ಲ್ಯಾಂಪನ್ನು ಬಿಗಿಯಬೇಕು. ಸೈಲೆನ್ಸರಿನೊಳಗೆ ಡಬ್ಬಿಯಲ್ಲಿ ಕಲ್ಲು ಅಲುಗಿದಂತೆ ಕೇಳಿಸಿದರೆ ಒಳತಗಡು ತುಕ್ಕು ಹಿಡಿದು ಕಳಚಿರುತ್ತದೆ. ಸೈಲೆನ್ಸರನ್ನೇ ಬದಲಿಸದೆ ಗತ್ಯಂತರವಿಲ್ಲ.

ಇದರಲ್ಲಿ ಉದಾಸೀನ ಸಲ್ಲದು. ಸದಾ ಅದುರುವ ಕೊಳವೆ ಕಡೆಗೆ ಬಿರುಕುಬಿಡಬಹುದು. ಅಲ್ಲಿಂದ ಸೋರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕಾರಿನೊಳಕ್ಕೆ ನುಸುಳಿದರೆ ರಕ್ತದ ಹಿಮೋಗ್ಲೋಬಿನ್ನನ್ನು ಸೇರಿ ಆಮ್ಲಜನಕಕ್ಕೆ ಎಡೆಯಿಲ್ಲದಂತೆ ಮಾಡುತ್ತದೆ, ಪ್ರಾಣಕ್ಕೇ ಎರವಾಗಬಹುದು. ಆ ಅನಿಲದ ಸುಳಿವು ನಮ್ಮ ಇಂದ್ರಿಯಗಳಿಗೆ ಸಿಗದು. ಕೊಳವೆಯ ಸದ್ದಾದರೋ ಕಿವಿಗೆ ಸಿಗುತ್ತದೆ. ಅದನ್ನು ಕೇಳಿದಾಗಲೇ ಸರಿಪಡಿಸುವುದು ಲೇಸು.